ಗಬಗಬ ನುಂಗುವ ನಾಯಿಗೆ ಯಾವುದು ಸರಿ: ಸುರುಳಿ ಬೌಲೋ, ಉರುಳುವ ಚೆಂಡೋ, ಬಟ್ಟೆ ಮ್ಯಾಟೋ?

ಮೊದಲೇ ಹೇಳಿಬಿಡುತ್ತೇನೆ, ನಾಯಿಯ ಊಟದ ವೇಗ ಇಳಿಸಲು ನಮ್ಮ ಮನೆಯಲ್ಲಿ ಗೆದ್ದಿದ್ದು ಬಟ್ಟೆ ಚೂರುಗಳ ಮ್ಯಾಟು. ಎಲ್ಲಕ್ಕಿಂತ ಜಾಸ್ತಿ ದುಡ್ಡು ಕೊಟ್ಟು ತಂದ ಸುರುಳಿ ಬೌಲು ಎದುರು ಮನೆಗೆ ಹೋಯಿತು. ಅದನ್ನು ಕೊಳ್ಳುವ ಮೊದಲು ಯಾರಾದರೂ ನಾಲ್ಕು ಮಾತು ಹೇಳಿದ್ದರೆ ದುಡ್ಡೂ ಉಳಿಯುತ್ತಿತ್ತು, ಗುಂಡನ ಗದ್ದವೂ ಕೆಂಪಾಗುತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗುಂಡ ನಮ್ಮ ಲ್ಯಾಬ್ರಡಾರ್. ಮೂರು ವರ್ಷ, 31 ಕೆಜಿ. ಹೊತ್ತಿಗೆ 180 ಗ್ರಾಂ ಡ್ರೈ ಫುಡ್, ಅಂದರೆ ಕಾಳಿನಂಥ ಒಣ ಆಹಾರ, ದಿನಕ್ಕೆ ಎರಡು ಹೊತ್ತು. ಸಾದಾ ಸ್ಟೀಲ್ ಬಟ್ಟಲಿಗೆ ಹಾಕಿ ಮೊಬೈಲ್ ಹಿಡಿದು ಸಮಯ ನೋಡಿದೆ. 41 ಸೆಕೆಂಡು! ಕಾಳು ಕಡಿಯುವ ಸದ್ದೇ ಇಲ್ಲ. ಬಟ್ಟಲು ನೆಲಕ್ಕೆ ತಾಗಿ ಕಿರ್ರೆನ್ನುವ ಸದ್ದು, ಆಮೇಲೆ ಖಾಲಿ ಬಟ್ಟಲು ನೆಕ್ಕುವ ಸದ್ದು, ಅಷ್ಟೇ.

ಒಂದು ಬೆಳಿಗ್ಗೆ ಊಟ ಮುಗಿಸಿ ಐದು ನಿಮಿಷ ಆಗಿರಲಿಲ್ಲ, ತಲೆ ಬಗ್ಗಿಸಿ ಅಷ್ಟನ್ನೂ ನೆಲಕ್ಕೆ ಹಾಕಿದ. ಕಾಳುಗಳು ಇಡಿಯಾಗಿಯೇ ಇದ್ದವು. ಸ್ವಲ್ಪ ಉಬ್ಬಿ, ಒಂದಕ್ಕೊಂದು ಅಂಟಿಕೊಂಡು, ಕೊಳವೆಯ ಆಕಾರದಲ್ಲಿ ಬಿದ್ದಿದ್ದವು. ನಾನು ಬಟ್ಟೆ ತರುವಷ್ಟರಲ್ಲಿ ಅದನ್ನೇ ಮತ್ತೆ ತಿನ್ನಲು ಶುರು ಮಾಡಿದ್ದ. ತುಂಬಾ ಭಯವಾಯಿತು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ‘ಹೊಟ್ಟೆ ಹಿಂಡಿ ಹಿಂಡಿ ಬಂತಾ, ಸುಮ್ನೆ ಹೊರಗೆ ಬಂತಾ?’ ಹೊಟ್ಟೆ ಹಿಂಡಿ ಬಂದರೆ ಅದು ವಾಂತಿ. ಇದು ಹಾಗಲ್ಲ, ನುಂಗಿದ್ದು ಜೀರ್ಣವಾಗುವ ಮೊದಲೇ ಸಲೀಸಾಗಿ ವಾಪಸ್ ಬಂದದ್ದು. ತೂಕ ನೋಡಿದರು, ಮಲ ಪರೀಕ್ಷೆ ಮಾಡಿಸಿದರು. ಎಲ್ಲ ಸರಿ ಇತ್ತು. ಊಟದ ವೇಗ ಇಳಿಸಿ ಎಂದರು. ನಿಮ್ಮ ನಾಯಿ ಮೊದಲು ನಿಧಾನವಾಗಿ ತಿನ್ನುತ್ತಿದ್ದು ಈಗ ಇದ್ದಕ್ಕಿದ್ದಂತೆ ಹಸಿದು ಬಿದ್ದಂತೆ ತಿನ್ನುತ್ತಿದ್ದರೆ ಬೌಲು ಹುಡುಕುವ ಮೊದಲು ಡಾಕ್ಟರ ಹತ್ತಿರ ಹೋಗಿ. ಜಂತುಹುಳ, ಸಕ್ಕರೆ ಕಾಯಿಲೆ, ಸ್ಟಿರಾಯ್ಡ್ ಮಾತ್ರೆ, ಇವುಗಳಿಂದಲೂ ಹಸಿವು ಹೆಚ್ಚುತ್ತದೆ.

ನಾಯಿ ಗಬಗಬ ತಿಂದರೆ ಬೈಯುವವರನ್ನು ನೋಡಿದ್ದೇನೆ. ಬೈಯಬೇಡಿ, ಪಾಪ, ಅದರ ಬಾಯಿ ಇರುವುದೇ ಹಾಗೆ. 42 ಹಲ್ಲುಗಳಲ್ಲಿ ಅರೆಯುವಂಥವು ಕೆಲವೇ ಕೆಲವು. ಉಳಿದವು ಹಿಡಿಯಲು, ಸೀಳಲು, ಕತ್ತರಿಸಲು. ದವಡೆ ನಮ್ಮದರಂತೆ ಅಕ್ಕಪಕ್ಕ ಆಡುವುದಿಲ್ಲ. ತೋಳಗಳ ಗುಂಪಿನಲ್ಲಿ ನಿಧಾನ ಮಾಡಿದವನ ಪಾಲು ಪಕ್ಕದವನ ಹೊಟ್ಟೆಗೆ. ಆ ಅಭ್ಯಾಸ ಇನ್ನೂ ಹೋಗಿಲ್ಲ. ಒಂದೇ ತಟ್ಟೆಯಲ್ಲಿ ಆರೇಳು ಮರಿಗಳು ತಿಂದು ಬೆಳೆದಿದ್ದರಂತೂ ಕೇಳುವುದೇ ಬೇಡ. ಲ್ಯಾಬ್ರಡಾರ್‌ಗಳಿಗೆ ಇನ್ನೊಂದು ಕಾರಣವೂ ಇದೆ. ಸುಮಾರು ಕಾಲು ಭಾಗದಷ್ಟು ಲ್ಯಾಬ್‌ಗಳಲ್ಲಿ ಪಿಒಎಂಸಿ ಎಂಬ ಜೀನಿನ ಒಂದು ತುಣುಕೇ ಇರುವುದಿಲ್ಲ, ಅಂಥವುಗಳಿಗೆ ಊಟದ ಆಸೆ ಜಾಸ್ತಿ ಎಂದು 2016ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು ತೋರಿಸಿದರು. ಗುಂಡನಿಗೆ ಆ ಪರೀಕ್ಷೆ ಮಾಡಿಸಿಲ್ಲ. ಅವನು ಬಟ್ಟಲು ನೋಡುವ ರೀತಿ ನೋಡಿದರೆ ಮಾತ್ರ ನಂಬಿಕೆ ಬರುತ್ತದೆ.

ಹಾಗಂತ ಬಿಟ್ಟುಬಿಡುವಂತೆಯೂ ಇಲ್ಲ. ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅದಕ್ಕಿಂತ ದೊಡ್ಡ ಭಯ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವುದು. ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ವೈಮರಾನರ್ ಥರದ ಆಳವಾದ ಎದೆಯ ದೊಡ್ಡ ನಾಯಿಗಳಿಗೆ ಇದರ ಅಪಾಯ ಹೆಚ್ಚು. ಬೇಗ ತಿನ್ನುವುದು, ದಿನಕ್ಕೆ ಒಂದೇ ಸಲ ಹೊಟ್ಟೆ ತುಂಬಾ ತಿನ್ನುವುದು, ವಯಸ್ಸು, ತಂದೆ ತಾಯಿಗೆ ಆಗಿದ್ದರೆ ಅದು, ಎಲ್ಲ ಸೇರುತ್ತದೆ. ನಿಧಾನ ತಿಂದರೆ ಬರುವುದೇ ಇಲ್ಲ ಅಂತಲ್ಲ. ಹೊಟ್ಟೆ ಬಿಗಿಯಾಗಿ ಉಬ್ಬಿ, ಕಕ್ಕಲು ನೋಡಿದರೂ ಏನೂ ಬರದೆ, ಜೊಲ್ಲು ಸುರಿಸುತ್ತಾ ಕೂತಲ್ಲಿ ಕೂರದೆ ಒದ್ದಾಡಿದರೆ ಒಂದು ನಿಮಿಷವೂ ಕಾಯಬೇಡಿ, ಆಸ್ಪತ್ರೆಗೆ ಓಡಿ. ಅದಕ್ಕೆ ಮನೆಮದ್ದಿಲ್ಲ, ಆಪರೇಷನ್ನೇ ಬೇಕಾಗುತ್ತದೆ. ಇನ್ನೊಂದು ಮಾತು. ಬಟ್ಟಲನ್ನು ಸ್ಟ್ಯಾಂಡಿನ ಮೇಲೆ ಎತ್ತರಕ್ಕಿಟ್ಟರೆ ಒಳ್ಳೆಯದು ಎಂದು ಬಹಳ ಜನ ಹೇಳುತ್ತಾರೆ. ಪರ್ಡ್ಯೂ ವಿಶ್ವವಿದ್ಯಾಲಯದವರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದಕ್ಕೆ ಉಲ್ಟಾ. ದೊಡ್ಡ ತಳಿಗಳಲ್ಲಿ ಎತ್ತರದ ಬಟ್ಟಲಿನಿಂದ ತಿನ್ನುವವುಗಳಿಗೇ ಹೊಟ್ಟೆ ಉಬ್ಬರ ಜಾಸ್ತಿ ಇತ್ತು. ನಮ್ಮಲ್ಲಿ ಎಲ್ಲವೂ ನೆಲದ ಮೇಲೆಯೇ.

ಈಗ ಆ ಬೌಲಿನ ಕಥೆ. ಒಳಗೆ ಸುರುಳಿ ಸುರುಳಿಯಾಗಿ ಎತ್ತರದ ಗೋಡೆಗಳಿರುವ ಪ್ಲಾಸ್ಟಿಕ್ ಬೌಲು ಅದು. ಗೋಡೆಗಳ ನಡುವೆ ಕಾಳು ಬೀಳುತ್ತದೆ, ನಾಯಿ ನಾಲಿಗೆ ಹಾಕಿ ಒಂದೊಂದೇ ತೆಗೆಯಬೇಕು. ಮೊದಲ ದಿನ 7 ನಿಮಿಷ. ನನಗಾದ ಖುಷಿ ಅಷ್ಟಿಷ್ಟಲ್ಲ. ತಂಗಿಗೆ ವಿಡಿಯೋ ಕಳಿಸಿದೆ.

ನಾಲ್ಕನೇ ದಿನ ಗುಂಡ ಕೆಳದವಡೆಯ ಹಲ್ಲನ್ನು ಬೌಲಿನ ಅಂಚಿನಡಿ ತೂರಿಸಿದ. ಕತ್ತು ಒಂದು ಸಲ ಮೇಲೆತ್ತಿದ. ಬೌಲು ಮಗುಚಿತು. ಕಾಳೆಲ್ಲ ನೆಲದ ಮೇಲೆ. ಅರ್ಧ ನಿಮಿಷದಲ್ಲಿ ನೆಲ ಸ್ವಚ್ಛ! ಅಡಿಯಲ್ಲಿ ಜಾರದಂತೆ ರಬ್ಬರ್ ಬಿಲ್ಲೆಗಳೇನೋ ಇದ್ದವು. ಜಾರಲಿಲ್ಲ ನಿಜ. ಆದರೆ ಎತ್ತಿ ಮಗುಚುವವನಿಗೆ ಜಾರದ ಬಿಲ್ಲೆ ಏನು ಮಾಡೀತು?

ಒದ್ದೆ ಬಟ್ಟೆ ಹಾಸಿ ಮೇಲೆ ಇಟ್ಟೆ. ಬಟ್ಟೆ ಸಮೇತ ಅಡುಗೆಮನೆ ತನಕ ಎಳೆದುಕೊಂಡು ಹೋದ. ಎರಡೂ ಕಡೆ ಅಂಟುವ ಟೇಪ್ ಹಾಕಿ ಒಂದು ದಪ್ಪ ಟೈಲ್ಸಿಗೆ ಅಂಟಿಸಿದೆ. ಎರಡು ದಿನ ಗಟ್ಟಿಯಾಗಿ ನಿಂತಿತು. ಮೂರನೇ ದಿನ ತೊಳೆದ ಮೇಲೆ ಟೇಪಿನ ಅಂಟು ಹೋಯಿತು. ಬೌಲನ್ನು ದಿನಾ ತೊಳೆಯಲೇಬೇಕಲ್ವಾ, ದಿನಾ ಹೊಸ ಟೇಪ್ ಹಾಕಲಾಗುತ್ತದೆಯೇ? ಆಮೇಲೆ ಅಗಲವಾದ ಸ್ಟೀಲ್ ಬೋಗುಣಿಯೊಳಗೆ ಬೌಲು ಕೂರಿಸಿದೆ. ಮಗುಚಲು ಆಗಲಿಲ್ಲ. ಆದರೆ ಬೌಲಿಗೂ ಬೋಗುಣಿಗೂ ನಡುವೆ ಎರಡು ಬೆರಳು ಸಂದು ಇತ್ತು. ಅರ್ಧ ಕಾಳು ಅಲ್ಲಿ ಬಿತ್ತು. ಅದಕ್ಕೆ ಮೂತಿ ತೂರಿಸಿ ಬೌಲನ್ನೇ ಮೇಲಕ್ಕೆ ತಳ್ಳಿದ. ಬೆಳಿಗ್ಗೆ ಆರಕ್ಕೆ ಆ ಸ್ಟೀಲಿನ ಸದ್ದಿಗೆ ಮನೆಯವರೆಲ್ಲ ಎದ್ದು ಕೂತರು.

ಕೊನೆಗೆ ನಾನೇ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಲ್ಲಿ ಬೌಲು ಹಿಡಿದುಕೊಳ್ಳತೊಡಗಿದೆ. ಎರಡು ಹೊತ್ತೂ, ಹದಿನೈದು ದಿನ. ಅಷ್ಟು ಹತ್ತಿರ ಕೂತಾಗಲೇ ಇನ್ನೊಂದು ವಿಷಯ ಗೊತ್ತಾಗಿದ್ದು. ಗೋಡೆಗಳ ನಡುವಿನ ಜಾಗ ಗುಂಡನ ಮೂತಿಗಿಂತ ಚಿಕ್ಕದು. ನಾಲಿಗೆ ತಳಕ್ಕೆ ಮುಟ್ಟದಿದ್ದಾಗ ಅವನು ದವಡೆಯನ್ನು ಗೋಡೆಗೆ ಒತ್ತಿ ಒತ್ತಿ ಉಜ್ಜುತ್ತಿದ್ದ. ಮಧ್ಯೆ ಮಧ್ಯೆ ತಲೆ ಎತ್ತಿ ನನ್ನ ಮುಖ ನೋಡಿ ಕುಂಯ್ ಎನ್ನುತ್ತಿದ್ದ. ಗದ್ದದ ಕೂದಲು ಸರಿಸಿ ನೋಡಿದರೆ ಚರ್ಮ ಕೆಂಪಾಗಿತ್ತು. ಅವತ್ತೇ ಅದನ್ನು ಎತ್ತಿಟ್ಟೆ. ಅಷ್ಟು ಹೊತ್ತಿಗೆ ಅವನು ಕಲಿತೂ ಆಗಿತ್ತು. ನಾನು ಹಿಡಿದಿದ್ದರೂ ಎರಡೂವರೆ ನಿಮಿಷಕ್ಕೆ ಖಾಲಿ ಮಾಡುತ್ತಿದ್ದ. ಗೋಡೆ ದಿನಾ ಅದೇ ಜಾಗದಲ್ಲಿ ಇರುತ್ತದಲ್ಲ.

ಬೌಲೇ ಕೆಟ್ಟದ್ದು ಎನ್ನಲಾರೆ. ಎದುರು ಮನೆಯ ಬೀಗಲ್ ಅದರಲ್ಲೇ ಆರಾಮಾಗಿ ಐದಾರು ನಿಮಿಷ ತಿನ್ನುತ್ತದೆ, ಒಮ್ಮೆಯೂ ಮಗುಚಿಲ್ಲ. ಅದರ ಮೂತಿ ಚಿಕ್ಕದು. ನೀವು ಕೊಳ್ಳುವುದಾದರೆ ನಾಯಿಯ ಮೂತಿಯ ಅಗಲವನ್ನು ಟೇಪು ಹಿಡಿದು ಅಳೆದುಕೊಂಡೇ ಕೊಳ್ಳಿ. ಭಾರವಾದದ್ದು, ತಳ ಅಗಲವಾದದ್ದು, ಗೋಡೆ ತಗ್ಗಾದದ್ದು ನೋಡಿ. ಪಗ್, ಬುಲ್‌ಡಾಗ್ ಥರದ ಚಪ್ಪಟೆ ಮುಖದವಕ್ಕೆ ಎತ್ತರದ ಗೋಡೆಯ ಬೌಲು ಬೇಡವೇ ಬೇಡ.

ಇನ್ನು ಚೆಂಡು. ತೂತಿರುವ ಪೊಳ್ಳು ಚೆಂಡಿನೊಳಗೆ ಕಾಳು ತುಂಬಿ ಬಿಟ್ಟರೆ ನಾಯಿ ಉರುಳಿಸಿದಂತೆಲ್ಲ ಒಂದೆರಡು ಕಾಳು ಉದುರುತ್ತದೆ. ವೇಗದ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ನಿಧಾನ, 20 ನಿಮಿಷ ದಾಟುತ್ತದೆ. ಮೈಗೂ ಕೆಲಸ. ಆದರೆ ಮಂಚದಡಿ ಹೋದರೆ ನಾವೇ ಮಲಗಿ ಕೋಲಿನಲ್ಲಿ ತಳ್ಳಬೇಕು, ಸೋಫಾ ಸಂದಿಯಲ್ಲಿ ಉಳಿದ ಕಾಳಿಗೆ ಇರುವೆ. ಮಳೆ ಬಂದು ವಾಕಿಂಗ್ ತಪ್ಪಿದ ದಿನ ಮಾತ್ರ ಹೊರಗೆ ತೆಗೆಯುತ್ತೇನೆ. ಮನೆಯಲ್ಲಿ ಎರಡು ನಾಯಿ ಇದ್ದರೆ ಇದು ಬೇಡ, ಜಗಳ ಗ್ಯಾರಂಟಿ.

ಕಪ್‌ಕೇಕ್ ಮಾಡುವ ಗುಳಿ ತಟ್ಟೆಯನ್ನು ಬೋರಲು ಹಾಕಿ ಉಬ್ಬುಗಳ ನಡುವೆ ಕಾಳು ಹರಡಿದೆ: ಸುಮಾರು 2 ನಿಮಿಷ. ಮನೆಯಲ್ಲಿದ್ದರೆ ಮೊದಲು ಅದನ್ನೇ ನೋಡಿ, ಖರ್ಚಿಲ್ಲ. ಬಟ್ಟಲಲ್ಲಿ ದೊಡ್ಡ ಕಲ್ಲಿಡಿ ಎಂದು ಒಬ್ಬರು ಹೇಳಿದ್ದರು. ಹಲ್ಲು ಮುರಿಯುತ್ತದೆ, ಚಿಕ್ಕದಾದರೆ ಕಲ್ಲನ್ನೇ ನುಂಗುತ್ತದೆ ಎಂದು ಡಾಕ್ಟರ್ ಬೇಡ ಎಂದರು. ಟೆನಿಸ್ ಚೆಂಡು ಇಟ್ಟೆ. ಅದನ್ನು ಬಾಯಲ್ಲಿ ಕಚ್ಚಿ ಪಕ್ಕಕ್ಕಿಟ್ಟು ಊಟ ಮುಂದುವರಿಸಿದ. ಕಾಳು ನೀರಲ್ಲಿ ನೆನೆಸಿಟ್ಟರೆ ಇನ್ನೂ ಬೇಗ, ಕುಡಿದೇ ಬಿಡುತ್ತಾನೆ.

ನೆಕ್ಕುವ ಮ್ಯಾಟು, ಅಂದರೆ ಉಬ್ಬು ತಗ್ಗುಗಳಿರುವ ಸಿಲಿಕೋನ್ ಹಾಳೆ, ಒದ್ದೆ ಆಹಾರಕ್ಕೆ ಚೆನ್ನಾಗಿದೆ. ಸವರಿ ಫ್ರೀಜರಲ್ಲಿಟ್ಟು ಕೊಟ್ಟರೆ ಹತ್ತು ನಿಮಿಷ ಸುಮ್ಮನಿರುತ್ತಾನೆ, ಉಗುರು ಕತ್ತರಿಸುವಾಗ ಅನುಕೂಲ. ಪೂರ್ತಿ ಊಟ ಅದರ ಮೇಲೆ ಹಿಡಿಯುವುದಿಲ್ಲ. ಪೀನಟ್ ಬಟರ್ ಸವರುವವರು ಡಬ್ಬಿಯ ಮೇಲೆ ಝೈಲಿಟಾಲ್ ಎಂದು ಬರೆದಿದೆಯಾ ಎಂದು ದಯವಿಟ್ಟು ಓದಿ. ಆ ಸಿಹಿ ನಾಯಿಗೆ ವಿಷ.

ಈಗ ನನ್ನ ಮೆಚ್ಚಿನ ಬಟ್ಟೆ ಮ್ಯಾಟು. ಅಂಗಡಿಯಲ್ಲಿ ಸ್ನಫಲ್ ಮ್ಯಾಟ್ ಎಂದು ಸಿಗುತ್ತದೆ. ನಮ್ಮದು ತಂಗಿ ಮಾಡಿಕೊಟ್ಟದ್ದು. ಸಿಂಕಿನಲ್ಲಿ ಹಾಸುವ ತೂತು ತೂತಿನ ರಬ್ಬರ್ ಮ್ಯಾಟು, ಒಂದು ಹಳೆಯ ಉಣ್ಣೆಯಂಥ ಹೊದಿಕೆ, ಇಷ್ಟೇ ಸಾಮಾನು. ಹೊದಿಕೆಯನ್ನು ಎರಡು ಬೆರಳಗಲ, ಒಂದು ಗೇಣುದ್ದ ಪಟ್ಟಿ ಮಾಡಿ, ಒಂದು ತೂತಿನಿಂದ ಪಕ್ಕದ ತೂತಿಗೆ ತೂರಿಸಿ ಗಂಟು ಹಾಕುತ್ತಾ ಹೋಗಬೇಕು. ಎರಡು ಸಂಜೆ ಹಿಡಿಯಿತು. ನೋಡಲು ಒತ್ತಾಗಿ ಬೆಳೆದ ಹುಲ್ಲಿನ ಹಾಗೆ.

ಮೊದಲ ಸಲ ಕಾಳು ಉದುರಿಸಿ ಕೈಯಾಡಿಸಿ ಒಳಗೆ ಸೇರಿಸಿದೆ. ಗುಂಡ ಎಂದಿನಂತೆ ನುಗ್ಗಿ ಬಂದ, ಬಾಯಿ ಹಾಕಿದ, ಬಾಯಿಗೆ ಬಟ್ಟೆ ಬಂತು. ನಿಂತ. ಆಮೇಲೆ ಮೂಗು ಇಳಿಸಿದ. ಸೂಂಸ್ ಸೂಂಸ್ ಎಂದು ಮೂಸುತ್ತಾ ಒಂದು ಪಟ್ಟಿಯನ್ನು ಮೂಗಿನಲ್ಲೇ ಸರಿಸಿ, ಅಡಿಯಲ್ಲಿದ್ದ ಒಂದೇ ಒಂದು ಕಾಳನ್ನು ಮುಂದಿನ ಹಲ್ಲಲ್ಲಿ ಎತ್ತಿಕೊಂಡ. ಕಟುಂ ಎಂದು ಕಡಿದ. ಮೂರು ವರ್ಷದಲ್ಲಿ ಅವನು ಕಾಳು ಕಡಿಯುವ ಸದ್ದು ನಾನು ಕೇಳಿದ್ದು ಅವತ್ತೇ. 14 ನಿಮಿಷ ತಿಂದ. ಬಾಲ ಪೂರ್ತಿ ಹೊತ್ತು ಆಡುತ್ತಲೇ ಇತ್ತು. ಕುಂಯ್ ಎನ್ನಲಿಲ್ಲ, ನನ್ನ ಮುಖ ನೋಡಲಿಲ್ಲ. ಮುಗಿದ ಮೇಲೆ ನೀರು ಕುಡಿದು ಕಾಲು ಚಾಚಿ ಮಲಗಿದ.

ಬೌಲಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಬೌಲು ಊಟಕ್ಕೆ ಅಡ್ಡ ನಿಲ್ಲುತ್ತದೆ, ನಾಯಿ ಅದರ ಜೊತೆ ಜಗಳಕ್ಕೆ ಬೀಳುತ್ತದೆ. ಮ್ಯಾಟು ಮೂಗಿಗೆ ಕೆಲಸ ಕೊಡುತ್ತದೆ. ನಾಯಿಯ ನಾಲಿಗೆಯಲ್ಲಿ ರುಚಿ ಮೊಗ್ಗುಗಳು ಸುಮಾರು 1,700 ಇದ್ದರೆ ನಮಗೆ ಸುಮಾರು 9,000. ನಾಲಿಗೆಗಿಂತ ಮೂಗಿನಲ್ಲೇ ಅವು ಊಟ ಅನುಭವಿಸುವುದು ಎಂದು ನನಗೆ ಅನ್ನಿಸಿದ್ದು ಗುಂಡ ಮ್ಯಾಟಿನ ಮುಂದೆ ನಿಂತದ್ದನ್ನು ನೋಡಿಯೇ. ಕಾಳು ದಿನಾ ಬೇರೆ ಬೇರೆ ಜಾಗದಲ್ಲಿ ಅಡಗಿರುತ್ತದೆ, ಹಾಗಾಗಿ ಕಲಿತು ಮುಗಿಸುವ ಮಾತೇ ಇಲ್ಲ. ಆರು ತಿಂಗಳಾದರೂ 9ರಿಂದ 11 ನಿಮಿಷಕ್ಕಿಂತ ಕೆಳಗೆ ಇಳಿದಿಲ್ಲ.

ತೊಂದರೆ ಇಲ್ಲ ಅಂತಲ್ಲ. ನಾಲ್ಕು ದಿನಕ್ಕೊಮ್ಮೆ ತೊಳೆಯದಿದ್ದರೆ ಜಿಡ್ಡು ವಾಸನೆ ಬರುತ್ತದೆ. ಒಣಗಲು ಒಂದು ದಿನ ಬೇಕು, ಅದಕ್ಕೇ ಎರಡು ಮ್ಯಾಟು ಇಟ್ಟುಕೊಂಡಿದ್ದೇವೆ. ಒದ್ದೆ ಆಹಾರಕ್ಕೆ ಆಗುವುದಿಲ್ಲ. ಮುಖ್ಯವಾದದ್ದು, ಕಾಳು ಮುಗಿದ ಕೂಡಲೇ ಮ್ಯಾಟು ಎತ್ತಿಡಬೇಕು. ಬಿಟ್ಟರೆ ಪಟ್ಟಿ ಎಳೆಯಲು ಶುರು ಮಾಡುತ್ತಾನೆ, ಬಟ್ಟೆ ಹೊಟ್ಟೆಗೆ ಹೋದರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ಬಟ್ಟೆ ಹರಿದು ನುಂಗುವ ನಾಯಿಗೆ, ಹತ್ತಿರ ಯಾರೂ ಇರದ ಹೊತ್ತಿಗೆ ಇದನ್ನು ಕೊಡಲೇಬೇಡಿ.

ನನಗೆ ಬೆಳಿಗ್ಗೆ, ಸಂಜೆ ಕಾಲು ಗಂಟೆ ಅವನ ಪಕ್ಕ ಕೂರಲು ಆಗುತ್ತದೆ. ಕೂರುವುದು ಇಷ್ಟ ಕೂಡ. ಹಾಗಾಗಿ ಮ್ಯಾಟು ನನಗೆ ಸರಿ. ಹಳೆಯ ಹೊದಿಕೆಯಲ್ಲಿ ಆದದ್ದರಿಂದ ಖರ್ಚೂ ಹೆಚ್ಚಿಲ್ಲ. ಬೇಗ ಹೊರಡಬೇಕಾದ ದಿನಕ್ಕೆಂದು ಆಮೇಲೆ ಒಂದು ಭಾರದ ಪಿಂಗಾಣಿ ಬೌಲು ತಂದೆ, ಒಳಗೆ ತಗ್ಗಾದ ಅಲೆಗಳಿರುವಂಥದ್ದು. 3 ನಿಮಿಷ ಹಿಡಿಯುತ್ತದೆ, ಮಗುಚುವುದಿಲ್ಲ, ಗದ್ದ ಉಜ್ಜುವುದಿಲ್ಲ. ಬೆಳಗಿನ ಹೊತ್ತು ಓಡುವವರು ಅಂಥದ್ದನ್ನೇ ತನ್ನಿ, ಮ್ಯಾಟನ್ನು ರಜಾ ದಿನಕ್ಕೆ ಇಟ್ಟುಕೊಳ್ಳಿ.

ಮ್ಯಾಟು ಶುರು ಮಾಡುವಾಗ ಮೊದಲ ಎರಡು ದಿನ ಕಾಳನ್ನು ಮೇಲೆ ಮೇಲೆಯೇ ಉದುರಿಸಿ. ಕಾಣಿಸಿದ್ದು ತಿಂದು ಮುಗಿದ ಮೇಲೆ ಒಳಗಿನದಕ್ಕೆ ತಾನಾಗಿ ಮೂಗು ಇಳಿಸುತ್ತದೆ. ಗುಂಡನಿಗೆ ನಾನು ಹೀಗೆ ಮಾಡಿರಲಿಲ್ಲ, ಆದರೂ ಕಲಿತ. ಆ ಬೆಳಗಿನ ಹಾಗೆ ನೆಲಕ್ಕೆ ಹಾಕಿದ್ದು ಮ್ಯಾಟು ಬಂದ ಮೇಲೆ ಒಮ್ಮೆಯೂ ಇಲ್ಲ.