ಲೈಟ್ ಬಿಲ್ಲು ಒಮ್ಮೆಲೇ ದುಪ್ಪಟ್ಟಾದರೆ: ಜೆಸ್ಕಾಂ ಬಿಲ್ ದೂರು ಸೇವೆ, ಮೇಜಿನಿಂದ ಮೇಜಿಗೆ

ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯ ಅಂಗಡಿ, ಗಿರಣಿ, ಖಾನಾವಳಿಗಳಿಗೆ ಕರೆಂಟ್ ಕೊಡುವುದು ಜೆಸ್ಕಾಂ ಒಂದೇ. ಜನರ ಬಾಯಲ್ಲಿ ಅದು ಇವತ್ತಿಗೂ ಕೆಇಬಿ. ಇವರ ಸೇವೆ ಸರಿ ಇಲ್ಲ, ಪಕ್ಕದ ಅಂಗಡಿಗೆ ಹೋಗೋಣ ಅನ್ನುವ ಹಾಗಿಲ್ಲ. ಆದ್ದರಿಂದ ಇಲ್ಲಿ ಐದಕ್ಕೆ ಎಷ್ಟು ನಕ್ಷತ್ರ ಅನ್ನುವ ಲೆಕ್ಕ ಬಿಟ್ಟು, ಬಿಲ್ ತಪ್ಪಿದಾಗ ಯಾವ ಮೇಜಿನಲ್ಲಿ ಕೆಲಸ ಆಗುತ್ತದೆ, ಯಾವ ಮೇಜಿನಲ್ಲಿ ಬರೀ ಹೊತ್ತು ಹೋಗುತ್ತದೆ ಎಂಬುದನ್ನಷ್ಟೇ ನೋಡೋಣ. ಒಂದು ಮಾತು ಮೊದಲೇ ಹೇಳಿಬಿಡಬೇಕು: ಬಿಲ್ಲಿನ ಯಾವ ಸಾಲು ಉಬ್ಬಿದೆ ಅಂತ ಗೊತ್ತಿಲ್ಲದೆ ಕಚೇರಿ ಮೆಟ್ಟಿಲು ಹತ್ತಿದವರಿಗೆ ಯಾವ ಮೇಜೂ ಉಪಯೋಗವಿಲ್ಲ.

ಒಟ್ಟು ಮೊತ್ತ ಬದಿಗಿಟ್ಟು ಯೂನಿಟ್ ನೋಡಿ. ಯೂನಿಟ್ ಹೋದ ತಿಂಗಳಷ್ಟೇ ಇದ್ದು ರೂಪಾಯಿ ಮಾತ್ರ ಏರಿದ್ದರೆ ಮೀಟರಿನ ತಪ್ಪಲ್ಲ. ಇಂಧನ ಹೊಂದಾಣಿಕೆಯ ಎಫ್‌ಪಿಪಿಸಿಎ ಶುಲ್ಕ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. 2025ರ ಏಪ್ರಿಲ್ 1ರಿಂದ ಪಿಂಚಣಿ ಮತ್ತು ಗ್ರಾಚ್ಯುಟಿ ಹೆಸರಿನಲ್ಲಿ ಯೂನಿಟ್‌ಗೆ 36 ಪೈಸೆ ಸೇರಿತು. 800 ಯೂನಿಟ್ ಸುಡುವ ಅಂಗಡಿಗೆ ಆ ದರದಲ್ಲಿ ಇದೊಂದೇ 288 ರೂಪಾಯಿ. ವಿದ್ಯುತ್ ಶುಲ್ಕದ ಮೇಲೆ 9 ಶೇಕಡಾ ತೆರಿಗೆ ಇದೆ. ಇವೆಲ್ಲ ದರ ನಿಗದಿ ಮಾಡುವ ಬೆಂಗಳೂರಿನ ಕೆಇಆರ್‌ಸಿಯಲ್ಲೋ ಸರ್ಕಾರದಲ್ಲೋ ತೀರ್ಮಾನವಾಗಿ ಬಂದದ್ದು. ಶಾಖಾ ಕಚೇರಿಯ ಜೆಇ (ಕಿರಿಯ ಎಂಜಿನಿಯರ್) ಮುಂದೆ ಜಗಳ ತೆಗೆದು ಫಾಯದೆ ಇಲ್ಲ.

ಅಂಗಡಿಕಾರರು ಹೆಚ್ಚು ಗಾಬರಿಯಾಗುವುದು ಠೇವಣಿ ಸಾಲಿಗೆ. ಕಚೇರಿಯವರ ಬಾಯಲ್ಲಿ ಇದು '2 ಎಂಎಂಡಿ'. ಸರಾಸರಿ ಎರಡು ತಿಂಗಳ ಬಿಲ್ಲಿನಷ್ಟು ಹಣ ಠೇವಣಿಯಾಗಿ ಇರಬೇಕು. ವರ್ಷದ ಸರಾಸರಿ ತಿಂಗಳಿಗೆ 4,000 ಆಗಿ, ಇಟ್ಟ ಠೇವಣಿ 5,000 ಇದ್ದರೆ, ಉಳಿದ 3,000 ಕೇಳುತ್ತಾರೆ. ಹೋದ ಬೇಸಿಗೆಯಲ್ಲಿ ಹೊಸ ಎಸಿ, ಡೀಪ್ ಫ್ರೀಜರ್ ಇಟ್ಟವರಿಗೆ ಈ ಬೇಡಿಕೆ ಬಂದೇ ಬರುತ್ತದೆ. ಇದು ದಂಡವಲ್ಲ, ನಿಮ್ಮದೇ ಹಣ, ಇದಕ್ಕೆ ಬಡ್ಡಿಯೂ ಜಮಾ ಆಗಬೇಕು. ಇಲ್ಲಿ ತಕರಾರು ತೆಗೆಯುವುದಾದರೆ ಒಂದೇ ವಿಷಯಕ್ಕೆ: ಹಿಂದೆ ಕಟ್ಟಿದ ಠೇವಣಿ ಅವರ ಲೆಕ್ಕದಲ್ಲಿ ಇದೆಯೋ ಇಲ್ಲವೋ. ಹಳೆಯ ರಸೀದಿ ತೆಗೆದುಕೊಂಡು ಉಪ ವಿಭಾಗದ ಕಂದಾಯ ಶಾಖೆಗೆ ಹೋಗಿ. ಮೂರೂ ಜಿಲ್ಲೆಯಲ್ಲಿ ಅತ್ಯಂತ ಬೇಗ ಬಗೆಹರಿಯಬಹುದಾದ ದೂರು ಇದು, ಏಕೆಂದರೆ ಕಾಗದ ಎದುರು ಕಾಗದ.

ಮಂಜೂರಾದ ಹೊರೆಯ (ಲೋಡ್) ಸಾಲು ಇನ್ನೊಂದು ಬಗೆ. 3 ಕಿಲೋವ್ಯಾಟ್ ಮಂಜೂರಾತಿ ಇಟ್ಟುಕೊಂಡು ಏಪ್ರಿಲ್ ಬಿಸಿಲಿಗೆ ಒಂದೂವರೆ ಟನ್ನಿನ ಎರಡು ಎಸಿ ಓಡಿಸಿದರೆ ಮೀಟರಿನ ಎಂಡಿ, ಅಂದರೆ ಆ ತಿಂಗಳು ಮುಟ್ಟಿದ ಗರಿಷ್ಠ ಹೊರೆ, 3 ದಾಟಬಹುದು, ಆಗ ಹೆಚ್ಚುವರಿ ಹೊರೆಗೆ ದಂಡದ ದರ ಬೀಳುತ್ತದೆ. ಇದಕ್ಕೆ ದೂರು ಅರ್ಜಿ ಔಷಧಿಯಲ್ಲ, ಹೊರೆ ಹೆಚ್ಚಿಸುವ ಅರ್ಜಿ ಔಷಧಿ. ಆದರೆ ಎಂಡಿ ಪ್ರತಿ ರೀಡಿಂಗ್ ಆದ ಮೇಲೆ ಸೊನ್ನೆಗೆ ಬರಬೇಕು. ಹಿಂದಿನ ತಿಂಗಳ ಎಂಡಿಯೇ ಚೂರೂ ಬದಲಾಗದೆ ಈ ತಿಂಗಳೂ ಬಂದಿದ್ದರೆ ರೀಸೆಟ್ ಆಗಿಲ್ಲ ಅಂತ ಬರೆದುಕೊಡಬಹುದು.

ಈಗ ಯೂನಿಟ್ಟೇ ಏರಿದ್ದರೆ. ಬಿಲ್ ಕೈಗೆ ಬಂದ ದಿನವೇ ಮೀಟರಿನ ಮುಂದೆ ನಿಂತು ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೊ ಮಾಡಿ. ಫೋಟೊ ಸಾಲದು: ಡಿಸ್‌ಪ್ಲೇ ಮೇಲೆ ದಿನಾಂಕ, ಸಮಯ, ಕೆಡಬ್ಲ್ಯೂಎಚ್ (ಯೂನಿಟ್), ಎಂಡಿ ಒಂದಾದ ಮೇಲೊಂದು ಉರುಳುತ್ತವೆ, ಮೀಟರ್ ನಂಬರೂ ಕಾಣಬೇಕು. ಹಿಂದಿನ ರೀಡಿಂಗ್ 11,204, ಈಗಿನದು 12,904 ಅಂತ ಬಿಲ್ಲಿನಲ್ಲಿ ಇದೆ ಅಂದುಕೊಳ್ಳಿ: 1,700 ಯೂನಿಟ್. ಮೀಟರ್ ಮಾತ್ರ ಇವತ್ತು 12,094 ತೋರಿಸುತ್ತಿದೆ. ಸೊನ್ನೆ, ಒಂಬತ್ತು ಜಾಗ ಬದಲಿಸಿಕೊಂಡಿವೆ. ನಿಜವಾದ ಬಳಕೆ 890. ಬಿಲ್ಲಿನ ರೀಡಿಂಗಿಗಿಂತ ಇವತ್ತಿನ ಮೀಟರ್ ಹಿಂದಿದ್ದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಬೇಡ. ಆದರೆ ತಿಂಗಳು ತಡೆದರೆ ಮೀಟರ್ ಆ ಅಂಕಿ ದಾಟಿಬಿಡುತ್ತದೆ, ಸಾಕ್ಷಿಯೂ ಹೋಗುತ್ತದೆ.

ಬಾಗಿಲು ಹಾಕಿತ್ತು ಅಂತ ರೀಡಿಂಗ್ ತೆಗೆಯದೆ ಕೊಡುವ 'ಡೋರ್ ಲಾಕ್' ಬಿಲ್ಲಿನ ಕಥೆ ಬೇರೆ. ಮೂರ್ನಾಲ್ಕು ತಿಂಗಳು ಸರಾಸರಿ ಹಾಕಿ, ಐದನೇ ತಿಂಗಳು ನಿಜ ರೀಡಿಂಗ್ ತೆಗೆದಾಗ ಉಳಿದ ಯೂನಿಟ್ಟೆಲ್ಲ ಒಟ್ಟಿಗೆ ತಲೆ ಮೇಲೆ ಬೀಳುತ್ತದೆ. ಸರಾಸರಿ ಎಂದು ಕಟ್ಟಿದ ಹಣ ಕಳೆದಿದ್ದಾರಾ ನೋಡಿ. 2020ರ ವಿದ್ಯುತ್ (ಗ್ರಾಹಕರ ಹಕ್ಕುಗಳು) ನಿಯಮಗಳ ಪ್ರಕಾರ ಒಂದು ಆರ್ಥಿಕ ವರ್ಷದಲ್ಲಿ ಇಂಥ ತಾತ್ಕಾಲಿಕ ಬಿಲ್ ಎರಡಕ್ಕಿಂತ ಹೆಚ್ಚು ಕೊಡುವಂತಿಲ್ಲ; ಅದು ಎರಡು ಬಿಲ್ ಸುತ್ತು ದಾಟಿದರೆ, ನಿಜ ರೀಡಿಂಗಿನ ಬಿಲ್ ಬರುವವರೆಗೆ ಕಟ್ಟುವುದಿಲ್ಲ ಅನ್ನುವ ಹಕ್ಕು ಗ್ರಾಹಕನಿಗೆ ಇದೆ.

ರೀಡಿಂಗ್ ಸರಿಯಿದೆ, ಬಳಕೆ ಮಾತ್ರ ನಂಬುವ ಹಾಗಿಲ್ಲ ಅನ್ನುವವರು ಮೊದಲು ಒಂದು ಗುಣಾಕಾರ ಮಾಡಲಿ. 10 ಎಚ್‌ಪಿ ಮೋಟಾರಿನ ಹಿಟ್ಟಿನ ಗಿರಣಿ, ದಿನಕ್ಕೆ 4 ತಾಸು, ತಿಂಗಳಿಗೆ 26 ದಿನ: 7.46 × 4 × 26, ಸುಮಾರು 776 ಯೂನಿಟ್, ಅದೂ ಪೂರ್ತಿ ಲೋಡಿನಲ್ಲಿ. ಬಿಲ್ 1,500 ಅಂದರೆ ಅನುಮಾನಕ್ಕೆ ಜಾಗ ಇದೆ. 850 ಅಂದರೆ ಮೋಟಾರಿನೊಳಗೇ ನಷ್ಟವಾಗುವ ಕರೆಂಟ್, ಗಿರಣಿಯ ಫ್ಯಾನು, ಲೈಟು ಎಣಿಸಿಕೊಳ್ಳಿ.

ಆಮೇಲೆ ವೈರಿಂಗ್. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಂಥ ಗಿಜಿಗುಟ್ಟುವ ಕಡೆ ಒಂದೇ ಕಟ್ಟಡದಲ್ಲಿ ಎಂಟು-ಹತ್ತು ಮಳಿಗೆ, ಒಂದೇ ಬೋರ್ಡಿನಲ್ಲಿ ಸಾಲು ಮೀಟರ್. ಅಲ್ಲಿ ಕಾಡುವ ರೋಗ ನ್ಯೂಟ್ರಲ್ ಮಿಕ್ಸ್. ಕಳ್ಳತನ ಹಿಡಿಯಲೆಂದು ಈಗಿನ ಸಿಂಗಲ್ ಫೇಸ್ ಎಲೆಕ್ಟ್ರಾನಿಕ್ ಮೀಟರ್ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಅಳೆದು, ಯಾವುದರಲ್ಲಿ ಹೆಚ್ಚು ಕರೆಂಟ್ ಇದೆಯೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಪಕ್ಕದ ಮಳಿಗೆಯ ಎಲೆಕ್ಟ್ರಿಷಿಯನ್ ಹತ್ತಿರ ಸಿಕ್ಕ ನ್ಯೂಟ್ರಲ್‌ಗೆ ವೈರ್ ಸುತ್ತಿ ಹೋಗಿದ್ದರೆ, ಅವರ ಫ್ರೀಜರಿನ ಕರೆಂಟ್ ವಾಪಸ್ ಬರುವುದು ನಿಮ್ಮ ಮೀಟರಿನ ಮೂಲಕ. ನಿಮ್ಮ ಫೇಸ್‌ನಲ್ಲಿ 2 ಆಂಪಿಯರ್, ನ್ಯೂಟ್ರಲ್‌ನಲ್ಲಿ 6, ಬಿಲ್ 6ಕ್ಕೆ. ಇಂಥ ಮೀಟರಿನಲ್ಲಿ 'ಅರ್ಥ್' ಅಥವಾ 'ಇಎಲ್' ಎಂದು ಬರೆದ ಕೆಂಪು ದೀಪ ಇದ್ದರೆ ಅದು ಹತ್ತಿಕೊಂಡೇ ಇರುತ್ತದೆ. ಪರೀಕ್ಷೆ ಸುಲಭ. ಅಂಗಡಿಯ ಸಿಂಗಲ್ ಪೋಲ್ ಎಂಸಿಬಿಗಳನ್ನೆಲ್ಲ ಇಳಿಸಿ: ಮೀಟರಿನ ಪಲ್ಸ್ ದೀಪ ಇನ್ನೂ ಮಿನುಗುತ್ತಿದೆಯಾ? ಈಗ ಡಬಲ್ ಪೋಲ್ ಮೇನ್ ಇಳಿಸಿ: ನಿಂತಿತಾ? ಹಾಗಾದರೆ ಬೇರೆಯವರ ನ್ಯೂಟ್ರಲ್ ನಿಮ್ಮ ಮೇಲೆ ಸವಾರಿ ಮಾಡುತ್ತಿರುವ ಸಂಭವವೇ ಹೆಚ್ಚು. ಮೇನ್ ಇಳಿಸಿದರೂ ಮಿನುಗಿದರೆ ಮೀಟರ್ ಮತ್ತು ಮೇನ್ ನಡುವೆ ಯಾರೋ ಎಳೆದಿದ್ದಾರೆ, ಇಲ್ಲವೇ ಮೀಟರ್ ಕೆಟ್ಟಿದೆ. ಕ್ಲಾಂಪ್ ಮೀಟರಿದ್ದ ಎಲೆಕ್ಟ್ರಿಷಿಯನ್ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕ್ಲಾಂಪಿನೊಳಗೆ ಹಿಡಿದರೆ ಸೊನ್ನೆ ಬರಬೇಕು; ಬರದಿದ್ದರೆ ಸೋರಿಕೆ, ಇಲ್ಲವೇ ನ್ಯೂಟ್ರಲ್ ಮಿಕ್ಸ್. ಇಷ್ಟು ಮಾಡದೆ ಮೀಟರ್ ಬದಲಿಸಿ ಅಂತ ಕೇಳಿದರೆ ಹೊಸ ಮೀಟರೂ ಅದೇ ಬಿಲ್ ಕೊಡುತ್ತದೆ. ಮೀಟರಿನ ಸೀಲ್ ಮಾತ್ರ ಮುಟ್ಟಬೇಡಿ, ಮುಟ್ಟಿದರೆ ದೂರು ಕೊಡಲು ಹೋದವರೇ ವಿದ್ಯುತ್ ಕಾಯ್ದೆಯ ಕಳ್ಳತನದ ಕಲಂ 135ರಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಮೀಟರ್ ಜಾಸ್ತಿ ಓಡುತ್ತಿದೆ ಅನ್ನುವ ಅನುಮಾನಕ್ಕೂ ಮನೆಮದ್ದು ಇದೆ. ಮೀಟರಿನ ಮೇಲೆ 3200 ಇಂಪ್ ಪ್ರತಿ ಕೆಡಬ್ಲ್ಯೂಎಚ್ ಎಂದಿದ್ದರೆ, ಒಂದು ಯೂನಿಟ್‌ಗೆ 3,200 ಮಿನುಗು. ಉಳಿದದ್ದೆಲ್ಲ ಆರಿಸಿ, ತುಂಬಿದ ಬಕೆಟ್ಟಿನಲ್ಲಿ 1000 ವ್ಯಾಟಿನ ಹೀಟರ್ ರಾಡ್ ಮುಳುಗಿಸಿ ಹಾಕಿದರೆ ನಿಮಿಷಕ್ಕೆ 53 ಬರಬೇಕು. ಇಸ್ತ್ರಿಪೆಟ್ಟಿಗೆ ಬೇಡ, ಅದರ ಥರ್ಮೋಸ್ಟಾಟ್ ನಡುವೆ ಕಟ್ ಮಾಡುತ್ತದೆ. ವೋಲ್ಟೇಜ್ ಅಳೆಯಿರಿ: 230 ಇಳಿದು 210 ಆದರೆ ಅದೇ ರಾಡ್ 834 ವ್ಯಾಟ್ ಮಾತ್ರ ಎಳೆಯುತ್ತದೆ, ಆಗ 44-45 ಮಿನುಗು. 210ರಲ್ಲೂ 53 ಬಂದರೆ ಮೀಟರ್ ಸುಮಾರು 20 ಶೇಕಡಾ ಜಾಸ್ತಿ ಓಡುತ್ತಿದೆ. ರಾಡಿನ ಮೇಲೆ ಬರೆದ ವ್ಯಾಟ್ ಪೂರ್ತಿ ಸತ್ಯವಲ್ಲ, ಹಾಗಾಗಿ ನಾಲ್ಕೈದು ಮಿನುಗಿನ ವ್ಯತ್ಯಾಸ ಹಿಡಿದು ಕಚೇರಿಗೆ ಓಡಬೇಡಿ.

ಇನ್ನು ಮೇಜುಗಳು. 1912 ಸಹಾಯವಾಣಿ ಇರುವುದು ಮುಖ್ಯವಾಗಿ ಕರೆಂಟ್ ಹೋದಾಗ ಅಂತ ತಿಳಿಯಿರಿ. ಬಿಲ್ ದೂರಿಗೆ ಅದರಿಂದ ಸಿಗುವ ಲಾಭ ಒಂದೇ, ದೂರಿನ ಸಂಖ್ಯೆ. ಬರೆದಿಟ್ಟುಕೊಳ್ಳಿ, ಅಲ್ಲಿಗೆ ನಿಲ್ಲಬೇಡಿ. ಕಲಬುರಗಿ ಸ್ಟೇಷನ್ ರಸ್ತೆಯ ಜೆಸ್ಕಾಂ ನಿಗಮ ಕಚೇರಿಗೆ ನೇರವಾಗಿ ಹೋಗುವುದೂ ವ್ಯರ್ಥ, ತಿರುಗಿ ಉಪ ವಿಭಾಗಕ್ಕೇ ಕಳಿಸುತ್ತಾರೆ. ಬಿಲ್ ತಿದ್ದುವ ಕೆಲಸ ಉಪ ವಿಭಾಗದ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಮತ್ತು ಕಂದಾಯ ಶಾಖೆಯದು. ಶಾಖಾ ಕಚೇರಿಯಿಂದ ರೀಡಿಂಗ್ ಪರಿಶೀಲನೆ ವರದಿ ಹೋಗಬೇಕು, ಅಷ್ಟೇ.

ಕೌಂಟರಿನಲ್ಲಿ ಕೇಳಬಹುದಾದ ಮಾತು: "ಸಾವ್ಕಾರ್ರ, ಈ ಸಲ ಪೂರ್ತಿ ಕಟ್ರಿ, ಮುಂದಿನ ಬಿಲ್‌ನ್ಯಾಗ ಅಡ್ಜಸ್ಟ್ ಮಾಡ್ತೀವ್ರಿ." ಹೇಳಿದವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲದಿರಬಹುದು. ಆದರೆ ಬಾಯಿಮಾತಿಗೆ ಇನ್‌ವರ್ಡ್ ನಂಬರ್ ಇರುವುದಿಲ್ಲ. ಎರಡು ಪ್ರತಿ ಅರ್ಜಿ ಒಯ್ದು, ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ಅರ್ಜಿ ಉದ್ದ ಬೇಡ, ಇಷ್ಟು ಸಾಕು (ಆರ್.ಆರ್. ನಂ. ಅಂದರೆ ಬಿಲ್ಲಿನ ಮೇಲಿರುವ ನಿಮ್ಮ ಸಂಪರ್ಕದ ಸಂಖ್ಯೆ):

"ಆರ್.ಆರ್. ನಂ. ___, ಮೀಟರ್ ನಂ. ___. ದಿನಾಂಕ ___ರ ಬಿಲ್ಲಿನಲ್ಲಿ ಈಗಿನ ರೀಡಿಂಗ್ ___ ಎಂದಿದೆ. ದಿನಾಂಕ ___ರಂದು ಮೀಟರಿನಲ್ಲಿ ___ ಇದೆ, ಚಿತ್ರ ಲಗತ್ತಿಸಿದೆ. ಸ್ಥಳ ಪರಿಶೀಲಿಸಿ ಬಿಲ್ ಪರಿಷ್ಕರಿಸಲು ಕೋರಿದೆ. ವಿವಾದ ಇತ್ಯರ್ಥವಾಗುವವರೆಗೆ ವಿದ್ಯುತ್ ಕಾಯ್ದೆ 2003ರ ಕಲಂ 56(1)ರಂತೆ ಹಿಂದಿನ ಆರು ತಿಂಗಳ ಸರಾಸರಿ ಮೊತ್ತ ರೂ. ___ ಅನ್ನು ಆಕ್ಷೇಪಣೆಗೆ ಒಳಪಟ್ಟು ಪಾವತಿಸುತ್ತಿದ್ದೇನೆ."

ಕೊನೆಯ ವಾಕ್ಯವೇ ಅರ್ಜಿಯ ಜೀವ. ಕೇಳಿದ ಪೂರ್ತಿ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಎರಡರಲ್ಲಿ ಕಡಿಮೆ ಇರುವುದನ್ನು ಆಕ್ಷೇಪಣೆ ಸಹಿತ ಕಟ್ಟಿದರೆ ವಿವಾದ ಮುಗಿಯುವವರೆಗೆ ಲೈನ್ ಕಡಿಯುವಂತಿಲ್ಲ. ಬಾಕಿಗೆ ಕಡಿಯಬೇಕಾದರೂ 15 ಪೂರ್ಣ ದಿನಗಳ ಲಿಖಿತ ನೋಟಿಸ್ ಬೇಕು. ಏನೂ ಕಟ್ಟದೆ ಕೂತವರಿಗೆ ಈ ರಕ್ಷಣೆ ಇಲ್ಲ. ಭಾಗಶಃ ಮೊತ್ತವನ್ನು ಮೊಬೈಲ್ ಆ್ಯಪಿನಲ್ಲಿ ಕಟ್ಟಿದರೆ ಆಕ್ಷೇಪಣೆಯ ಗುರುತು ಎಲ್ಲೂ ಉಳಿಯುವುದಿಲ್ಲ, ಅರ್ಜಿಯ ಮುದ್ರೆಯೇ ಗುರುತು.

ಮೀಟರಿನ ಮೇಲೆ ಅನುಮಾನ ಇದ್ದರೆ 'ಪರಿಶೀಲಿಸಿ' ಎಂದಷ್ಟೇ ಬರೆಯದೆ ಚೆಕ್ ಮೀಟರ್ ಎಂದು ಹೆಸರು ಹಿಡಿದು ಕೇಳಿ. ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರ ಫೆಬ್ರುವರಿಯಲ್ಲಿ ಆದ ತಿದ್ದುಪಡಿ ಪ್ರಕಾರ, ರೀಡಿಂಗ್ ಬಳಕೆಗೆ ತಾಳೆಯಾಗುತ್ತಿಲ್ಲ ಎಂಬ ದೂರು ಬಂದ 5 ದಿನದೊಳಗೆ ಇನ್ನೊಂದು ಮೀಟರ್ ಕೂಡಿಸಿ ಕನಿಷ್ಠ 3 ತಿಂಗಳು ತಾಳೆ ನೋಡಬೇಕು. ಇಡೀ ವ್ಯವಸ್ಥೆಯಲ್ಲಿ ಗ್ರಾಹಕನಿಗೆ ಅತಿ ಹೆಚ್ಚು ಉಪಯೋಗದ ನಿಯಮ ಇದು, ಅಷ್ಟೇ ಕಡಿಮೆ ಜನ ಕೇಳುವುದೂ ಇದನ್ನೇ. ಆ ಮೂರು ತಿಂಗಳು ಎರಡೂ ಮೀಟರಿನ ರೀಡಿಂಗನ್ನು ಒಂದೇ ದಿನ, ಒಂದೇ ಹೊತ್ತಿಗೆ ನೀವೂ ಬರೆದಿಡಿ. ಮೀಟರ್ ಬಿಚ್ಚಿ ಎಂಟಿ (ಮೀಟರ್ ಪರೀಕ್ಷೆ) ಲ್ಯಾಬಿಗೆ ಒಯ್ದರೆ, ಬಿಚ್ಚುವಾಗಿನ ರೀಡಿಂಗ್ ಮತ್ತು ಸೀಲ್ ನಂಬರ್ ಬರೆದ ಹಾಳೆಗೆ ನಿಮ್ಮ ಸಹಿ ಇರಲಿ, ಪ್ರತಿಯೂ ನಿಮ್ಮ ಬಳಿ ಇರಲಿ.

ಒಂದು ಬಗೆಯ ಬಿಲ್ಲಿಗೆ ಮಾತ್ರ ಈ ದಾರಿ ಯಾವುದೂ ನಡೆಯುವುದಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಕಿರಾಣಿ, ಕರೆಂಟ್ ಮಾತ್ರ ಮನೆ ಮೀಟರಿನದು, ಮೇಲೆ ಗೃಹಜ್ಯೋತಿ ಬೇರೆ: ಜಾಗೃತ ದಳ ಬಂದು ಬರೆದುಕೊಂಡು ಹೋದರೆ ಅದು ಅನಧಿಕೃತ ಬಳಕೆಯ ಕಲಂ 126. ದರದ ಎರಡರಷ್ಟು, ಯಾವಾಗಿನಿಂದ ಅಂತ ಗೊತ್ತಾಗದಿದ್ದರೆ 12 ತಿಂಗಳಿಗೆ. ಮೊದಲು ಬರುವುದು ತಾತ್ಕಾಲಿಕ ಆದೇಶ. ಅದಕ್ಕೇ ಲಿಖಿತ ಆಕ್ಷೇಪಣೆ ಹಾಕಬೇಕು. ಅಂತಿಮ ಆದೇಶದ ಮೇಲೆ 30 ದಿನದೊಳಗೆ ಮೇಲ್ಮನವಿ, ಅದಕ್ಕೂ ಅರ್ಧ ಮೊತ್ತ ಕಟ್ಟಿರಬೇಕು. ಕುಂದುಕೊರತೆ ವೇದಿಕೆ ಇದನ್ನು ತೆಗೆದುಕೊಳ್ಳುವುದಿಲ್ಲ, ಅಲ್ಲಿ ಅರ್ಜಿ ಕೊಟ್ಟು ಕಾಯುತ್ತ ಕೂತರೆ ಆ 30 ದಿನ ಹೋಗಿಯೇ ಹೋಗುತ್ತದೆ.

ಉಳಿದ ಬಿಲ್ಲುಗಳಿಗೆ ಉಪ ವಿಭಾಗದಲ್ಲಿ ಉತ್ತರ ಬಾರದಿದ್ದರೆ ಜಿಲ್ಲೆಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ವಕೀಲರು ಬೇಕೇ ಬೇಕು ಅಂತಿಲ್ಲ. ನಮೂನೆ 'ಎ' ತುಂಬಿ, ಮುದ್ರೆ ಬಿದ್ದ ಅರ್ಜಿ, ಹಿಂದಿನ 12 ತಿಂಗಳ ಬಿಲ್, ಮೀಟರ್ ಚಿತ್ರ, ಪಾವತಿ ರಸೀದಿ ಲಗತ್ತಿಸಿ. ವೇದಿಕೆಯಲ್ಲಿ ಇಲಾಖೆಯ ಅಧಿಕಾರಿಗಳೂ ಕೂರುತ್ತಾರೆ, ಹಾಗಾಗಿ ಭಾಷಣಕ್ಕಿಂತ ತಿಂಗಳು, ರೀಡಿಂಗ್, ಯೂನಿಟ್, ಕಟ್ಟಿದ ಮೊತ್ತ ಎಂಬ ನಾಲ್ಕು ಕಾಲಮ್ಮಿನ ಒಂದು ಹಾಳೆ ಹೆಚ್ಚು ಮಾತಾಡುತ್ತದೆ. ಅಲ್ಲಿಯ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಬೆಂಗಳೂರಿನ ವಿದ್ಯುತ್ ಓಂಬುಡ್ಸ್‌ಮನ್‌ಗೆ.

ಬಿಲ್ ತಿದ್ದಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ವಿವಾದದ ಬಾಕಿಯ ಮೇಲೆ ತಿಂಗಳಿಗೆ 1 ಶೇಕಡಾದಂತೆ ಬಡ್ಡಿ ಏರಿರುತ್ತದೆ. ಅಸಲು ತೆಗೆದು ಬಡ್ಡಿ ಬಿಟ್ಟುಬಿಡುವುದುಂಟು; ಪರಿಷ್ಕರಣೆ ಆದೇಶದಲ್ಲಿ ಬಡ್ಡಿಯ ಮೊತ್ತವೂ ಬರೆದಿದೆಯಾ ನೋಡಿ, ಮುಂದಿನ ಎರಡು ಬಿಲ್ಲಿನ ಬಾಕಿ ಕಾಲಮ್ಮನ್ನು ತಾಳೆ ಹಾಕಿ.