ಬೇರೆಯವರ ಕಂಪ್ಯೂಟರಿನಲ್ಲೂ ತೆರೆದುಕೊಳ್ಳಬೇಕು: ವಕೀಲರ ಮನೆಗೊಂದು ಡಿವಿಡಿ ರೈಟರ್

ಡಿವಿಡಿ ರೈಟರ್ ಬೇಕು ಎಂದು ಕೇಳಿದರೆ ಈಗಿನ ಅಂಗಡಿಯವರು ಒಮ್ಮೆ ನಮ್ಮ ಮುಖ ನೋಡುತ್ತಾರೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ಇಲ್ಲ, ಹೊಸ ಕ್ಯಾಬಿನೆಟ್‌ಗಳಲ್ಲಿ ಅದನ್ನು ಕೂರಿಸಲು ಜಾಗವೂ ಇಲ್ಲ. ಆದರೆ ತುಮಕೂರಿನಲ್ಲಿ ವಕೀಲಿ ವೃತ್ತಿ ಮಾಡುವ ನನಗೆ ಅದಿಲ್ಲದೆ ಕೆಲಸ ಸಾಗುವುದಿಲ್ಲ. ಅಪಘಾತ ಪರಿಹಾರದ ಪ್ರಕರಣದಲ್ಲಿ ಪೆಟ್ರೋಲ್ ಬಂಕಿನ ಸಿಸಿಟಿವಿ ದೃಶ್ಯ, ಜೀವನಾಂಶದ ಪ್ರಕರಣದಲ್ಲಿ ಫೋನಿನ ಮಾತುಕತೆ, ಜಮೀನಿನ ತಕರಾರಿನಲ್ಲಿ ಬೇಲಿ ಕಿತ್ತ ದಿನದ ಮೊಬೈಲ್ ವಿಡಿಯೊ, ಇವೆಲ್ಲ ನನ್ನ ಕಚೇರಿಯಿಂದ ಡಿಸ್ಕ್‌ನಲ್ಲೇ ಹೋಗಿ ನ್ಯಾಯಾಲಯದ ಕಡತ ಸೇರುತ್ತವೆ.

ಪೆನ್ ಡ್ರೈವ್ ಕೊಟ್ಟರೆ ಸಾಲದೇ ಎಂದು ಕಕ್ಷಿದಾರರು ಕೇಳುತ್ತಾರೆ. ಕಾನೂನು ಅದನ್ನು ಬೇಡ ಎನ್ನುವುದಿಲ್ಲ. ಆದರೆ ಪೆನ್ ಡ್ರೈವ್‌ನಲ್ಲಿ ಇರುವುದನ್ನು ಯಾರು ಬೇಕಾದರೂ ಅಳಿಸಬಹುದು, ಹೊಸದನ್ನು ಸೇರಿಸಬಹುದು. ಒಮ್ಮೆ ಬರೆದು ಮುಚ್ಚಿದ ಡಿವಿಡಿ-ಆರ್ ಮೇಲೆ ಮತ್ತೆ ಬರೆಯಲಾಗುವುದಿಲ್ಲ. ವಿದ್ಯುನ್ಮಾನ ದಾಖಲೆಯ ಜೊತೆ ಆಗಿನ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಪ್ರಮಾಣಪತ್ರ ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2014ರ ಅನ್ವರ್ ಪ್ರಕರಣದಲ್ಲಿ ಹೇಳಿತು, 2020ರ ಅರ್ಜುನ್ ಪಂಡಿತರಾವ್ ಖೋಟ್ಕರ್ ತೀರ್ಪಿನಲ್ಲಿ ಅದನ್ನೇ ಗಟ್ಟಿ ಮಾಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಈ ಪ್ರಮಾಣಪತ್ರಕ್ಕೆ ಅನುಸೂಚಿಯಲ್ಲಿ ನಮೂನೆಯನ್ನೇ ಕೊಟ್ಟಿದೆ. ದಾಖಲೆಯನ್ನು ಯಾವುದರಿಂದ ತೆಗೆದದ್ದು ಎಂದು ಗುರುತು ಹಾಕುವ ಕಡೆ ಸಿಡಿ/ಡಿವಿಡಿ ಎಂಬ ಚೌಕವಿದೆ. ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಫೈಲು ಚೂರು ಬದಲಾದರೂ ತಾನೂ ಬದಲಾಗುವ ಗುರುತಿನ ಸಂಕೇತ, ಬರೆಯುವ ಸಾಲೂ ಇದೆ. ಕಿರಿಯ ವಕೀಲರು ಈ ನಮೂನೆಯನ್ನು ಒಮ್ಮೆ ಕುಳಿತು ಓದಬೇಕು. ರೈಟರಿನ ಆಯ್ಕೆ ಎಷ್ಟು ಮುಖ್ಯ ಎನ್ನುವುದು ಅಲ್ಲೇ ಗೊತ್ತಾಗುತ್ತದೆ.

ಏಕೆಂದರೆ ನಾವು ಇಂದು ಬರೆದ ಡಿಸ್ಕ್ ತೆರೆದುಕೊಳ್ಳುವುದು ವರ್ಷಗಳ ನಂತರ, ಸಾಕ್ಷಿ ಕಟ್ಟೆ ಹತ್ತಿದ ದಿನ, ನಾವು ಆರಿಸದ ಕಂಪ್ಯೂಟರಿನಲ್ಲಿ. ಆ ಕಂಪ್ಯೂಟರಿನ ಡ್ರೈವ್ ಹಳೆಯದಾಗಿರುತ್ತದೆ, ಧೂಳು ಹಿಡಿದಿರುತ್ತದೆ. ಒಮ್ಮೆ ಒಂದು ತಾಲ್ಲೂಕು ನ್ಯಾಯಾಲಯದಲ್ಲಿ ನನ್ನ ಡಿಸ್ಕ್ ಸುಮ್ಮನೆ ತಿರುಗುತ್ತಲೇ ಇತ್ತು. ಅದನ್ನು ಬರೆದಿದ್ದು ಯುಎಸ್‌ಬಿಗೆ ಸಿಕ್ಕಿಸುವ ಒಂದು ತೆಳು ರೈಟರ್. ಕಂಪನಿಯ ಹೆಸರು ಬೇಡ. ಮನೆಯಲ್ಲಿ ಅದೇ ಡ್ರೈವ್‌ನಲ್ಲಿ ನೋಡಿದಾಗ ದೃಶ್ಯ ಸ್ಪಷ್ಟವಾಗಿತ್ತು. ಎದುರು ಪಕ್ಷದ ವಕೀಲರು ಎದ್ದು ನಿಂತು ಆಕ್ಷೇಪಣೆ ಎತ್ತಿದರು, ವಾಯಿದೆ ಮುಂದಕ್ಕೆ ಹೋಯಿತು. ಮಗನನ್ನು ಕಳೆದುಕೊಂಡ ತಾಯಿ ಎರಡು ಬಸ್ ಬದಲಿಸಿ ಬಂದವರು ಹಾಗೆಯೇ ಹಿಂದಿರುಗಿದರು. ಅಂದಿನಿಂದ ರೈಟರನ್ನು ನಾನು ಅಳೆಯುವುದು ಒಂದೇ ಅಳತೆಯಿಂದ: ಅದು ಬರೆದದ್ದನ್ನು ಬೇರೆಯವರ ಡ್ರೈವ್ ತಕರಾರಿಲ್ಲದೆ ಓದುತ್ತದೆಯೇ?

ಹೀಗೇಕೆ ಆಗುತ್ತದೆ ಎಂಬುದನ್ನು ತಿಳಿದುಕೊಂಡರೆ ಆಯ್ಕೆ ಸುಲಭ. ಖಾಲಿ ಡಿವಿಡಿಯೊಳಗೆ ಬಣ್ಣದ ಒಂದು ತೆಳು ಪದರವಿದೆ. ರೈಟರಿನ 650 ನ್ಯಾನೊಮೀಟರ್ ತರಂಗಾಂತರದ ಕೆಂಪು ಲೇಸರ್ ಆ ಪದರವನ್ನು ಅಲ್ಲಲ್ಲಿ ಕಾಯಿಸಿ ಗುರುತು ಮಾಡುತ್ತದೆ. ಶಾಖ ಹೆಚ್ಚಾದರೆ ಗುರುತಿನ ಅಂಚು ಹರಡುತ್ತದೆ, ಕಡಿಮೆಯಾದರೆ ಮಸುಕಾಗುತ್ತದೆ. ಯಾವ ಡಿಸ್ಕ್‌ಗೆ ಎಷ್ಟು ಶಾಖ ಬೇಕೆಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಅದಕ್ಕಾಗಿ ಪ್ರತಿ ಡಿಸ್ಕ್‌ನಲ್ಲೂ ತಯಾರಕರ ಸಂಕೇತವೊಂದು ಅಡಕವಾಗಿರುತ್ತದೆ. ರೈಟರ್ ಅದನ್ನು ಓದಿ, ತನ್ನೊಳಗೇ ಅಡಕವಾದ ತಂತ್ರಾಂಶವಾದ ಫರ್ಮ್‌ವೇರ್‌ನಲ್ಲಿರುವ ಪಟ್ಟಿಯಿಂದ ತಕ್ಕ ಕ್ರಮವನ್ನು ಆರಿಸಿ, ಡಿಸ್ಕ್‌ನ ಒಳ ಅಂಚಿನಲ್ಲಿ ಸ್ವಲ್ಪ ಬರೆದು ಪರೀಕ್ಷಿಸಿ, ಆಮೇಲೆ ನಮ್ಮ ಫೈಲಿಗೆ ಕೈ ಹಾಕುತ್ತದೆ. ಫರ್ಮ್‌ವೇರ್ ಚೆನ್ನಾಗಿಲ್ಲದ ರೈಟರ್ ಮಸುಕು ಗುರುತು ಮಾಡುತ್ತದೆ. ತಾನು ಬರೆದ ಮಸುಕನ್ನು ಅದು ತಾನೇ ಓದಿಕೊಳ್ಳಬಹುದು, ಸವೆದ ಲೇಸರಿನ ಹಳೆಯ ಡ್ರೈವ್‌ಗೆ ಅದು ಆಗುವುದಿಲ್ಲ.

ತೆಳು ರೈಟರುಗಳಿಗೆ ಇನ್ನೊಂದು ತೊಂದರೆ ಇದೆ, ವಿದ್ಯುತ್ತಿನದು. ಯುಎಸ್‌ಬಿ 2.0 ಪೋರ್ಟ್ ಲೆಕ್ಕದ ಪ್ರಕಾರ ಕೊಡುವುದು 500 ಮಿಲಿಆಂಪಿಯರ್. ಬರೆಯುವ ಹೊತ್ತಿನಲ್ಲಿ ಮೋಟಾರು, ಲೇಸರು ಎರಡೂ ಸೇರಿ ಕೇಳುವುದು ಒಂದು ಆಂಪಿಯರ್‌ಗೂ ಮೇಲೆ. ಅನೇಕ ಕಂಪ್ಯೂಟರುಗಳು ಕೊಟ್ಟುಬಿಡುತ್ತವೆ, ಕೆಲವು ಕೊಡುವುದಿಲ್ಲ. ಲ್ಯಾಪ್‌ಟಾಪ್ ಬಿಟ್ಟು ಬೇರೆ ಗತಿಯೇ ಇಲ್ಲ ಎನ್ನುವವರು ಎಲ್‌ಜಿಯ ಜಿಪಿ65ಎನ್‌ಬಿ60ಯಂಥ ಹೆಸರುಳ್ಳ ಡ್ರೈವ್ ತೆಗೆದುಕೊಂಡು, ಹಬ್ ಇಲ್ಲದೆ ನೇರವಾಗಿ ಪೋರ್ಟ್‌ಗೆ ಸಿಕ್ಕಿಸಲಿ, ಚಾರ್ಜರ್ ಹಾಕಿಕೊಂಡೇ ಬರೆಯಲಿ. ಹೇಳಹೆಸರಿಲ್ಲದ ಪೆಟ್ಟಿಗೆಗಳ ಹತ್ತಿರ ಹೋಗಬೇಡಿ. ಹೊರಗೆ ಹೊಳೆಯುವ ಕವಚ, ಒಳಗೆ ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿದ ಡ್ರೈವ್ ಇದ್ದರೂ ನಮಗೆ ತಿಳಿಯುವುದಿಲ್ಲ.

ನಾನು ಆರಿಸಿಕೊಂಡಿದ್ದು ಡೆಸ್ಕ್‌ಟಾಪಿನೊಳಗೆ ಕೂರುವ ದಪ್ಪ ಡ್ರೈವ್, ಎಲ್‌ಜಿಯ ಜಿಎಚ್24ಎನ್‌ಎಸ್‌ಡಿ1. ಇದಕ್ಕೆ ಕಂಪ್ಯೂಟರಿಗೆ ವಿದ್ಯುತ್ ಹಂಚುವ ಎಸ್‌ಎಂಪಿಎಸ್‌ನಿಂದಲೇ 5 ವೋಲ್ಟ್, 12 ವೋಲ್ಟ್ ಎರಡೂ ಸಿಗುತ್ತವೆ, ಹಾಗಾಗಿ ಉಸಿರುಕಟ್ಟುವ ಪ್ರಶ್ನೆಯಿಲ್ಲ. ತಯಾರಿಕೆ ಹಿಟಾಚಿ ಮತ್ತು ಎಲ್‌ಜಿ ಸೇರಿ ಕಟ್ಟಿದ ಕಂಪನಿಯದು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೇಳಿದಾಗ ಅಂಗಡಿಯವರು, "ಬಿಚ್ಚಿದ ಮಾಲು ಮುನ್ನೂರು ರೂಪಾಯಿಗೆ ಕೊಡುತ್ತೇನೆ ಮೇಡಂ, ಹೊಸದು ಯಾಕೆ?" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಬರೆಯುವ ಲೇಸರ್ ಸವೆಯುವ ವಸ್ತು, ಎಷ್ಟು ಸವೆದಿದೆ ಎಂದು ಹೊರಗಿನಿಂದ ನೋಡಿ ಹೇಳಲಾಗದು. ಸಾವಿರ ರೂಪಾಯಿ ಚಿಲ್ಲರೆ ಕೊಟ್ಟು ಹೊಸದನ್ನೇ ತಂದೆ. ಕೊಳ್ಳುವಾಗ ಡ್ರೈವ್‌ನ ಮೇಲಿನ ಚೀಟಿಯನ್ನು ಓದಿ. ತಯಾರಾದ ತಿಂಗಳು, ವರ್ಷ ಅಲ್ಲೇ ಅಚ್ಚಾಗಿರುತ್ತದೆ. ಗೋದಾಮಿನಲ್ಲಿ ವರ್ಷಗಟ್ಟಲೆ ಮಲಗಿದ್ದನ್ನು ಬಿಟ್ಟು ಇತ್ತೀಚಿನದನ್ನು ಕೇಳಿ ಪಡೆಯಿರಿ. ಡ್ರೈವನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಇದೆಯೇ ನೋಡಿ, ಬಿಡಿಯಾಗಿ ಮಾರುವ ಡ್ರೈವ್‌ಗಳ ಜೊತೆ ಅದು ಬರುವುದಿಲ್ಲ. ಸ್ಕ್ರೂಗಳ ವಿಷಯದಲ್ಲಿ ಎಚ್ಚರ: ಡಿವಿಡಿ ಡ್ರೈವ್‌ಗೆ ಬೇಕಾದದ್ದು ಸಣ್ಣ ಎಳೆಯ ಎಂ3, ಹಾರ್ಡ್ ಡಿಸ್ಕ್‌ನ ದಪ್ಪ ಎಳೆಯ ಸ್ಕ್ರೂ ತಿರುಗಿಸಿದರೆ ರಂಧ್ರ ಹಾಳಾಗುತ್ತದೆ. ಎಲ್ಲಕ್ಕೂ ಮೊದಲು ನಿಮ್ಮ ಕ್ಯಾಬಿನೆಟ್ಟಿನಲ್ಲಿ ಐದೂಕಾಲು ಇಂಚಿನ ಖಾನೆ ಇದೆಯೇ ನೋಡಿಕೊಳ್ಳಿ. ನಾನಂತೂ ಆ ಖಾನೆಗಾಗಿಯೇ ಹಳೆಯ ಕ್ಯಾಬಿನೆಟ್ ಉಳಿಸಿಕೊಂಡಿದ್ದೇನೆ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಕಾಣುವ 24ಎಕ್ಸ್ ಎಂಬ ವೇಗದ ಅಂಕಿಗೆ ಮರುಳಾಗಬೇಡಿ. ಡಿವಿಡಿಯ 1ಎಕ್ಸ್ ಎಂದರೆ ಸೆಕೆಂಡಿಗೆ ಸುಮಾರು 1.385 ಮೆಗಾಬೈಟ್. 16ಎಕ್ಸ್‌ನಲ್ಲಿ ಡಿಸ್ಕ್ ನಿಮಿಷಕ್ಕೆ ಒಂಬತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, 16ಎಕ್ಸ್ ಎಂಬ ಆ ಬರಹದ ವೇಗವೂ ಹೊರ ಅಂಚಿಗೆ ಬಂದಾಗ ಮಾತ್ರ ಸಿಗುವಂಥದ್ದು. ತುಂಬಿದ ಡಿಸ್ಕ್ 16ಎಕ್ಸ್‌ನಲ್ಲಿ ಆರು ನಿಮಿಷದ ಆಸುಪಾಸಿನಲ್ಲಿ ಮುಗಿದರೆ 8ಎಕ್ಸ್‌ನಲ್ಲಿ ಎಂಟು-ಒಂಬತ್ತು ನಿಮಿಷ. ಎರಡು-ಮೂರು ನಿಮಿಷಕ್ಕಾಗಿ ಸಾಕ್ಷ್ಯವನ್ನು ಪಣಕ್ಕಿಡುವುದು ನನಗೆ ಒಪ್ಪಿಗೆಯಿಲ್ಲ. ಹಾಗೆಂದು ನಿಧಾನವಾದಷ್ಟೂ ಒಳ್ಳೆಯದು ಎಂಬ ಮಾತೂ ಸರಿಯಲ್ಲ. 16ಎಕ್ಸ್‌ಗೆಂದು ತಯಾರಾದ ಬಣ್ಣದ ಪದರ ತೀರಾ ಕಡಿಮೆ ವೇಗಕ್ಕೆ ಹೊಂದಿಕೊಳ್ಳುವುದಿಲ್ಲ. 8ಎಕ್ಸ್ ನನ್ನ ಕೈಗೆ ಒಗ್ಗಿದ ವೇಗ.

ಇನ್ನು ಡಿಸ್ಕ್. ಒಳ್ಳೆಯ ರೈಟರಿಗೆ ಕಳಪೆ ಡಿಸ್ಕ್ ಹಾಕಿದರೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆ. ಒಂದು ಕಾಲದಲ್ಲಿ ಊರಿನ ಎಲ್ಲ ಅಂಗಡಿಗಳಲ್ಲೂ ಮೋಸರ್ ಬೇರ್ ಸಿಗುತ್ತಿತ್ತು. 1983ರಲ್ಲಿ ಶುರುವಾಗಿ ಡಿಸ್ಕ್ ತಯಾರಿಕೆಯಲ್ಲಿ ಜಗತ್ತಿನ ದೊಡ್ಡ ಕಂಪನಿಗಳ ಸಾಲಿಗೆ ಸೇರಿದ್ದ ನಮ್ಮ ದೇಶದ ಆ ಕಂಪನಿ 2018ರಲ್ಲಿ ಸಮಾಪನೆಗೆ ಹೋಯಿತು. ಆ ಸುದ್ದಿ ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಈಗ ನಾನು ತರಿಸುವುದು ವರ್ಬೇಟಿಮ್ ಡಿವಿಡಿ-ಆರ್. 2019ರಲ್ಲಿ ಆ ಹೆಸರು ತೈವಾನಿನ ಸಿಎಂಸಿ ಕಂಪನಿಯ ಕೈಗೆ ಹೋಗಿದೆ. ಆದ್ದರಿಂದ ಹೆಸರಷ್ಟೇ ನೋಡದೆ, ಪ್ರತಿ ಹೊಸ ಡಬ್ಬಿಯಿಂದ ಒಂದನ್ನು ತೆಗೆದು ಡಿಸ್ಕ್ ಬರೆಯುವ ಇಮ್ಗ್‌ಬರ್ನ್ ತಂತ್ರಾಂಶದಲ್ಲಿ ತಯಾರಕರ ಸಂಕೇತ ಓದುತ್ತೇನೆ, ಪ್ರಯೋಗಕ್ಕೆ ಒಂದು ಬರೆಯುತ್ತೇನೆ. ಒಮ್ಮೆ ಬರೆಯುವ ಡಿಸ್ಕ್‌ನ ಎರಡು ಬಗೆಗಳಲ್ಲಿ ಡಿವಿಡಿ+ಆರ್‌ಗಿಂತ ಡಿವಿಡಿ-ಆರ್ ಮೇಲು ಎನ್ನುವುದು ಹಳೆಯ ಡ್ರೈವ್‌ಗಳ ಕಾರಣದಿಂದ ಮಾತ್ರ. ಡಿವಿಡಿ-ಆರ್‌ಡಬ್ಲ್ಯೂ ಅಂತೂ ಕೂಡದು, ಅಳಿಸಿ ಬರೆಯಬಹುದಾದದ್ದನ್ನು ನ್ಯಾಯಾಲಯಕ್ಕೆ ಕೊಡುವುದರಲ್ಲಿ ಅರ್ಥವಿಲ್ಲ.

ಚಿಕ್ಕ ಆಡಿಯೊ ಒಂದೇ ಇದ್ದರೂ ನಾನು ಸಿಡಿ ಬಳಸುವುದಿಲ್ಲ. ಸಿಡಿಯಲ್ಲಿ ಬರಹದ ಪದರ ಇರುವುದು ಮೇಲ್ಭಾಗದ ಹೊಳಪಿನ ಲೇಪದ ಕೆಳಗೇ. ಕಡತ ಕಟ್ಟುವಾಗ ಪಿನ್ನು, ಬಾಲ್‌ಪೆನ್ನು ತಗುಲಿದರೆ ಸಾಕು, ಕಥೆ ಮುಗಿಯಿತು. ಡಿವಿಡಿಯಲ್ಲಿ ಆ ಪದರವನ್ನು 0.6 ಮಿಲಿಮೀಟರಿನ ಎರಡು ತಟ್ಟೆಗಳ ನಡುವೆ ಭದ್ರವಾಗಿ ಇಟ್ಟಿರುತ್ತಾರೆ. ಇನ್ನೊಂದು ಲೆಕ್ಕ ನೆನಪಿರಲಿ: ಹೊದಿಕೆಯ ಮೇಲಿನ 4.7 ಜಿಬಿ ವಿಂಡೋಸ್‌ನ ಲೆಕ್ಕದಲ್ಲಿ 4.38 ಮಾತ್ರ. ಸಿಸಿಟಿವಿಯವರು 4.5 ಜಿಬಿ ಫೈಲ್ ಕೊಟ್ಟರೆ ಅದು ಹಿಡಿಸುವುದಿಲ್ಲ.

ಬರೆಯುವಾಗ ಅತಿ ಮುಖ್ಯವಾದ ಗಳಿಗೆ ಮೊದಲನೆಯದು. ಖಾಲಿ ಡಿಸ್ಕ್ ಹಾಕಿ ವಿಂಡೋಸ್‌ನಲ್ಲಿ ಅದನ್ನು ತೆರೆದಾಗ ಅದು ಕೇಳುತ್ತದೆ, ಇದನ್ನು ಪೆನ್ ಡ್ರೈವ್‌ನಂತೆ ಬಳಸಬೇಕೇ, ಸಿಡಿ/ಡಿವಿಡಿ ಪ್ಲೇಯರ್‌ಗೆಂದು ಬರೆಯಬೇಕೇ ಎಂದು. ಮೊದಲನೆಯದನ್ನು ಒತ್ತಿದರೆ ಡಿಸ್ಕ್ ಅರೆ ತೆರೆದೇ ಉಳಿದು ಬೇರೆ ಡ್ರೈವ್‌ಗಳನ್ನು ಗೋಳಾಡಿಸಬಹುದು. ಎರಡನೆಯದನ್ನೇ ಆರಿಸಿ. ಇಮ್ಗ್‌ಬರ್ನ್ ಆದರೆ ಡಿಸ್ಕ್ ಮುಚ್ಚುವ ಗುರುತು, ಬರೆದ ನಂತರ ತಾಳೆ ನೋಡುವ ಗುರುತು ಎರಡೂ ಇರಲಿ. 2013ರ ಆವೃತ್ತಿಯೇ ಅದರ ಕೊನೆಯದು, ಇಂದಿಗೂ ಕೆಲಸ ಮಾಡುತ್ತದೆ. ಇನ್‌ಸ್ಟಾಲ್ ಮಾಡುವಾಗ ಜೊತೆಗೆ ನುಸುಳುವ ಬೇರೆ ತಂತ್ರಾಂಶಗಳನ್ನು ಬೇಡ ಎನ್ನಿ. ಫೈಲಿನ ಹೆಸರು ಚಿಕ್ಕದಾಗಿರಲಿ. ಸಿಸಿಟಿವಿಯ ಡಿಎವಿ ಮಾದರಿಯ ಫೈಲನ್ನು ಪರಿವರ್ತಿಸದೆ ಮೂಲ ರೂಪದಲ್ಲೇ ಹಾಕಿ, ಅದನ್ನು ತೋರಿಸುವ ಪ್ಲೇಯರನ್ನೂ ಅದೇ ಡಿಸ್ಕ್‌ನಲ್ಲಿ ಇಡಿ.

ಆಮೇಲೆ ಡಿಸ್ಕ್ ಹೊರಗೆ ತೆಗೆದು ನಮ್ಮ ಗುಮಾಸ್ತರ ಮೇಜಿನ ಹಳೆಯ ಕಂಪ್ಯೂಟರಿಗೆ ಹಾಕುತ್ತೇವೆ. ಬರೆದ ಡ್ರೈವ್‌ನಲ್ಲೇ ತಾಳೆ ನೋಡಿದರೆ ಅರ್ಧ ಪರೀಕ್ಷೆ ಮಾತ್ರ. ಅಲ್ಲಿ ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಆಜ್ಞೆ ಕೊಟ್ಟು, ಡಿಸ್ಕ್‌ನಲ್ಲಿರುವ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ ಮೌಲ್ಯ ತೆಗೆಯುತ್ತೇವೆ. ಅರವತ್ನಾಲ್ಕು ಅಕ್ಷರಗಳ ಸಾಲು ಬರುತ್ತದೆ. ಗುಮಾಸ್ತರು ಪರದೆಯ ಮೇಲಿನದನ್ನು ನಾಲ್ಕು ನಾಲ್ಕಾಗಿ ಗಟ್ಟಿಯಾಗಿ ಓದುತ್ತಾರೆ, ನಾನು ಪ್ರಮಾಣಪತ್ರದ ಮೇಲೆ ಬೆರಳಿಟ್ಟು ನೋಡುತ್ತೇನೆ. ಕೊನೆಯ ಅಕ್ಷರದವರೆಗೂ ಹೊಂದಿದ ಮೇಲೆ ಸಹಿ. ಈ ಎಲ್‌ಜಿ ಬರೆದ ಡಿಸ್ಕ್‌ಗಳು ಈವರೆಗೆ ಅಲ್ಲಿ ಓದಲಾಗದೆ ನಿಂತಿದ್ದಿಲ್ಲ, ನ್ಯಾಯಾಲಯದಲ್ಲೂ ಹಾಗಾಗಿಲ್ಲ.

ಬರೆದ ಗುಣವನ್ನು ಅಂಕಿಯಲ್ಲೇ ನೋಡಬೇಕು ಎನ್ನುವವರಿಗೆ ನೀರೋ ಡಿಸ್ಕ್‌ಸ್ಪೀಡ್ ತಂತ್ರಾಂಶ ಇದೆ, ಡಿಸ್ಕ್ ಓದುವಾಗಿನ ತಪ್ಪುಗಳನ್ನು ಎಣಿಸಿ ನಕ್ಷೆ ಹಾಕುತ್ತದೆ. ಆದರೆ ಎಲ್ಲ ಡ್ರೈವ್‌ಗಳೂ ಆ ಲೆಕ್ಕ ಒಪ್ಪಿಸುವುದಿಲ್ಲ. ಲೈಟ್‌ಆನ್‌ನ ಐಎಚ್‌ಎಎಸ್124 ಅದಕ್ಕೆ ಹೆಸರಾಗಿತ್ತು, ಸುಸ್ಥಿತಿಯಲ್ಲಿ ಸಿಕ್ಕಿದರೆ ಬಿಡಬೇಡಿ.

ಬ್ಲೂ-ರೇ ರೈಟರ್ ಬೇಕೇ? 25 ಜಿಬಿ ಹಿಡಿಸುತ್ತದೆ ನಿಜ, ನಮ್ಮ ನ್ಯಾಯಾಲಯಗಳ ಕಂಪ್ಯೂಟರುಗಳಲ್ಲಿ ಅದನ್ನು ಓದುವ ಡ್ರೈವ್ ನಾನು ಕಂಡಿಲ್ಲ. ಸೋನಿ ಕಂಪನಿ 2025ರ ಫೆಬ್ರುವರಿಯಲ್ಲಿ ಖಾಲಿ ಬ್ಲೂ-ರೇ ತಯಾರಿಕೆಯನ್ನೇ ನಿಲ್ಲಿಸಿತು.

ಈ ಡ್ರೈವ್ ಬಗ್ಗೆ ಹೇಳಲೇಬೇಕಾದ ಒಂದು ಮಾತು: ದಪ್ಪ ಡ್ರೈವ್‌ಗಳೆಲ್ಲ ಹಾಗೆಯೇ, ವೇಗ ಏರಿದಾಗ ಗೊರಗುಡುತ್ತದೆ, ರಾತ್ರಿ ಪಕ್ಕದ ಕೋಣೆಯಲ್ಲಿ ಮಕ್ಕಳು ಮಲಗಿದ್ದರೆ ಬಾಗಿಲು ಹಾಕಿಕೊಳ್ಳಬೇಕು. ಟ್ರೇ ಹೊರಬರದಿದ್ದರೆ ಕಂಪ್ಯೂಟರ್ ಆಫ್ ಮಾಡಿ, ಮುಂದಿನ ಸಣ್ಣ ತೂತಿಗೆ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ ಚುಚ್ಚಿ, ಬಲವಂತವಾಗಿ ಎಳೆಯಬೇಡಿ. ತಯಾರಕರು ಒಬ್ಬೊಬ್ಬರಾಗಿ ಈ ವ್ಯಾಪಾರ ಬಿಡುತ್ತಿರುವುದರಿಂದ ಅದೇ ಮಾದರಿಯ ಇನ್ನೊಂದನ್ನೂ ಕೊಂಡು, ಸೀಲ್ ಒಡೆಯದೆ ಬೀರುವಿನಲ್ಲಿ ಇಟ್ಟಿದ್ದೇನೆ. ವಾರಂಟಿ ಕೊಂಡ ದಿನದಿಂದಲೇ ಓಡುತ್ತದೆ, ಇಟ್ಟ ಡ್ರೈವ್ ಕೈಕೊಟ್ಟರೆ ಆ ದುಡ್ಡು ಹೋದಂತೆಯೇ. ಆದರೂ ಸಾಕ್ಷ್ಯ ಹಾಜರುಪಡಿಸುವ ಹಿಂದಿನ ದಿನ ಎಸ್‌ಪಿ ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆಯುವುದಕ್ಕಿಂತ ಆ ಖರ್ಚೇ ನನಗೆ ಸರಿ.