ಆನ್‌ಲೈನಲ್ಲಿ ತರಿಸಿದ ಜಪಾನಿ ಈಟಿ: ಗೋಡೆಗೆ ಸೈ, ಕೈಗೆ ಬೇಡ

ಗೋಡೆಯಲ್ಲಿ ತೂಗುಹಾಕಲು ಮಾತ್ರ ಅಂತಾದರೆ ತಗೊಳ್ಳಿ. ಹಿಡಿದು ಬೀಸುವ ಆಸೆ ಇದ್ದರೆ ಬೇಡವೇ ಬೇಡ. ಹೊಸ ಮನೆಯ ಚಾವಡಿಗೆ ಸಮುರಾಯ್ ಈಟಿಯೇ ಆಗಬೇಕು ಅಂತ ತಮ್ಮ ಹಟ ಹಿಡಿದದ್ದಕ್ಕೆ 5,800 ರೂಪಾಯಿ ಕೊಟ್ಟು ತರಿಸಿದ್ದು ಇದು.

ಅಂಗಡಿಯವರು ವಿವರದಲ್ಲಿ ನಾಗಿನಾಟ ಅಂತ ಹಾಕಿದ್ದಾರೆ, ಕಳಿಸಿದ್ದು ಯಾರಿ. ನಾಗಿನಾಟಕ್ಕೆ ಬಾಗಿದ, ಒಂದೇ ಕಡೆ ಹರಿತ ಇರುವ ಅಲಗು, ಬೀಸಿ ಕಡಿಯುವುದಕ್ಕೆ. ಯಾರಿಯ ಅಲಗು ನೆಟ್ಟಗೆ, ತಿವಿಯುವುದಕ್ಕೆ. ನಮಗೆ ಬಂದದ್ದರಲ್ಲಿ ಎರಡೂ ಬದಿಗೆ ಅಡ್ಡ ಅಲಗು ಬೇರೆ ಇದೆ, ಜುಮೊಂಜಿ ಯಾರಿ ಅಂತಾರೆ. ನಾರಾ ಊರಿನ ಹೋಝೋಇನ್ ಮಠದ ಸನ್ಯಾಸಿ ಇನ್‌ಎಇ 16ನೇ ಶತಮಾನದಲ್ಲಿ ಇದರ ವರಸೆಗಳನ್ನು ಕಲಿಸಿ ಹೆಸರು ಮಾಡಿದವ. ಪುಣ್ಯಕ್ಕೆ ತಮ್ಮನಿಗೂ ಇದೇ ಇಷ್ಟ ಆಯಿತು, ಹಾಗಾಗಿ ವಾಪಸ್ ಕಳಿಸಲಿಲ್ಲ.

ಕೋಲು ಓಕ್ ಮರದ್ದಂತೆ. ಗೋಡೆಗೆ ಸ್ಟ್ಯಾಂಡ್ ಹೊಡೆಯಲು ಬಂದ ಆಚಾರಿ ಬುಡದ ಟೊಪ್ಪಿ ಕಳಚಿ, ಬಣ್ಣ ತಾಗದ ಜಾಗವನ್ನು ಉಗುರಲ್ಲಿ ಕೆರೆದು ನಕ್ಕ. "ಓಕೂ ಇಲ್ಲ ಗೀಕೂ ಇಲ್ಲ ಅಣ್ಣಾ, ಇದು ನಮ್ಮ ರಬ್ಬರ್ ಮರ." ಕಾಸರಗೋಡಿನ ಆಚಾರಿಗೆ ರಬ್ಬರ್ ಮರ ಗೊತ್ತಾಗದೆ ಇರುತ್ತದಾ! ಮೇಲಿಂದ ಕೋಲು ಎರಡು ತುಂಡು, ನಡುವೆ ಹಿತ್ತಾಳೆ ತಿರುಪು. ಕೊರಿಯರಿಗೆ ಸುಲಭ ಆಗಲಿ ಅಂತ ಇರಬೇಕು. ಆದರೂ ಮನೆವರೆಗೆ ಬರಲಿಲ್ಲ, ಬದಿಯಡ್ಕಕ್ಕೆ ಹೋಗಿ ನಾವೇ ತರಬೇಕಾಯಿತು. ಅಡಿಕೆ ಕೊಯ್ಯುವ ಫೈಬರ್ ದೋಟಿಯ ಜೋಡಣೆ ಇದಕ್ಕಿಂತ ಎಷ್ಟೋ ಬಿಗಿ.

ದೊಡ್ಡ ತೊಂದರೆ ಇರುವುದು ಅಲಗಿನ ಬುಡದಲ್ಲಿ. ಹಳೆಯ ಯಾರಿಗಳಲ್ಲಿ ಅಲಗಿನ ಬಾಲ ಕೋಲಿನೊಳಗೆ ಆಳಕ್ಕೆ ಇಳಿದಿರುತ್ತದೆ, ಕೆಲವದರಲ್ಲಿ ಅಲಗಿಗಿಂತ ಬಾಲವೇ ಉದ್ದ, ಅದು ಜಾರದ ಹಾಗೆ ಅಡ್ಡಕ್ಕೊಂದು ಬಿದಿರಿನ ಮೊಳೆ. ತಿವಿದು ಎಳೆಯುವಾಗ ಬೀಳುವ ಪೆಟ್ಟನ್ನೆಲ್ಲ ತಡೆಯಬೇಕಾದ್ದು ಆ ಬಾಲ ಅಲ್ವಾ? ಇದರಲ್ಲಿ ಅಲ್ಲಿ ಇರುವುದು ಎರಡಿಂಚಿನ ಬೋಲ್ಟ್. ಕೋಲನ್ನು ಸುಮ್ನೆ ಅಲ್ಲಾಡಿಸಿದರೂ ಅಲಗು ಟಕಟಕ ಅನ್ನುತ್ತದೆ. ಜೋರಾಗಿ ಬೀಸಿದರೆ ಹಾರಿ ಯಾರ ಮೈಮೇಲೆ ಬೀಳುತ್ತದೋ!

ಹರಿತವೂ ಇಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ, ಅದು ಒಳ್ಳೆಯದೇ. ಹೊಂಡಾ ತದಕತ್ಸು ಎಂಬ ಹೆಸರಾಂತ ಸಮುರಾಯ್‌ನ ಟೊಂಬೊಗಿರಿ ಎಂಬ ಈಟಿಯ ಅಲಗಿನ ಮೇಲೆ ಕೂತ ಏರೋಪ್ಲೇನ್ ಚಿಟ್ಟೆ ಎರಡು ತುಂಡಾಯಿತು ಅಂತ ಕಥೆ ಇದೆಯಲ್ಲ, ಇದರ ಮೇಲೆ ಅದೇ ಚಿಟ್ಟೆ ಸಂಸಾರ ಹೂಡಬಹುದು.

ಮೆಚ್ಚಿದ್ದು ಒರೆ. ಕಪ್ಪು ಬಣ್ಣದ ಮರದ ಒರೆ, ಅಡ್ಡ ಅಲಗಿಗೂ ಸೇರಿಸಿ ಕೆತ್ತಿದ್ದಾರೆ, ಹಾಕಿದರೆ ಕಚ್ಚಿ ಕೂರುತ್ತದೆ, ಬೆರಳಾಡಿಸಿದರೆ ಎಲ್ಲೂ ಸಿಬಿರಿಲ್ಲ. ಕೋಲು ಮಾಡಿದವನೇ ಇದನ್ನೂ ಮಾಡಿದ ಅಂದರೆ ನಂಬಲಾಗುವುದಿಲ್ಲ.

ಮರದ ವಿಷಯ ಕೇಳಿ ಮೆಸೇಜ್ ಹಾಕಿದ್ದಕ್ಕೆ ಅಂಗಡಿಯವರು ಮುಂದಿನ ಖರೀದಿಗೆ ಅಂತ 500 ರೂಪಾಯಿ ಕೂಪನ್ ಕಳಿಸಿದರು. ಕೇಳಿದ್ದಕ್ಕೆ ಉತ್ತರ ಮಾತ್ರ ಇಲ್ಲ. ತರಿಸುವವರು ದುಡ್ಡು ಹಾಕುವ ಮೊದಲೇ ಅಲಗಿನ ಬುಡದ ಫೋಟೊ ಕೇಳಿ. ನನ್ನದು ಐದರಲ್ಲಿ ಎರಡೂವರೆ ಸ್ಟಾರ್, ಅದರಲ್ಲಿ ಒಂದು ಪೂರ್ತಿ ಒರೆಗೇ.